ವೃದ್ಧರ ವಸತಿ ಮೇಲೆ ಇನ್ನೊಂದು ಮಹಡಿ: ಎಂಜಿನಿಯರ್ ಜೊತೆ ಪ್ರಶ್ನೋತ್ತರ

ಟ್ರಸ್ಟ್ ಕಾರ್ಯದರ್ಶಿ: ಮೇಡಂ, ನಮ್ಮ ಪ್ರಾರ್ಥನಾ ಮಂದಿರದ ಟ್ರಸ್ಟ್ ಬಡ ವೃದ್ಧರಿಗಾಗಿ 24 ಕೋಣೆಗಳ ವಸತಿ ನಡೆಸುತ್ತಿದೆ. ಜಾಗ ಕೇಳಿಕೊಂಡು ಬರುವವರು ಜಾಸ್ತಿಯಾಗಿದ್ದಾರೆ. ಈಗಿನ ಎರಡು ಅಂತಸ್ತಿನ ಮೇಲೆ ಇನ್ನೊಂದು ಕಟ್ಟಬಹುದಾ? ಕೆಳಗಿನ ಒಂದು ಪಿಲ್ಲರ್‌ನಲ್ಲಿ ಉದ್ದಕ್ಕೆ ಬಿರುಕು, ತುಕ್ಕಿನ ಕಲೆ ಇದೆ. ಬರೀ ಪ್ಲಾಸ್ಟರ್ ಬಿರುಕು ಅಂತಾರೆ ಮೇಸ್ತ್ರಿ.

ಎಂಜಿನಿಯರ್: ಮಹಡಿ ಮಾತು ಆಮೇಲೆ. ನನಗೆ ಆ ಪಿಲ್ಲರ್‌ನದೇ ಚಿಂತೆ. ಒಳಗಿನ ಕಂಬಿ ತುಕ್ಕು ಹಿಡಿದರೆ ಊದಿಕೊಂಡು ಕಾಂಕ್ರೀಟನ್ನು ಒಡೆಯುತ್ತದೆ. ಕಂಬಿ ಸವೆದಷ್ಟೂ ಪಿಲ್ಲರ್ ಸೋಲುತ್ತದೆ. ಅದರ ಮೇಲೆ ಹೊಸ ನೀರಿನ ಟ್ಯಾಂಕ್ ಕೂಡ ಇಡಬೇಡಿ. ಪಕ್ಕದ ಕೋಣೆಯವರನ್ನು ಇವತ್ತೇ ಬೇರೆ ಕಡೆ ಮಲಗಿಸಿ, ಕಟ್ಟಡದ ಬಲ ಪರೀಕ್ಷಿಸುವ ಸ್ಟ್ರಕ್ಚರಲ್ ಎಂಜಿನಿಯರನ್ನು ಕರೆಸಿ ತೋರಿಸಿ. ಹಳೆ ನಕ್ಷೆ ಹುಡುಕಿ. ಪಾಯ ಎಷ್ಟು ಅಂತಸ್ತಿಗೆ ಹಾಕಿದ್ದು ಅಂತ ಗೊತ್ತಾಗಬೇಕು. ನಕ್ಷೆ ಇಲ್ಲದಿದ್ದರೆ ಪಾಯ ಅಗೆದು ನೋಡಬೇಕು, ಮಣ್ಣಿನ ಪರೀಕ್ಷೆ ಮಾಡಿಸಬೇಕು, ಕಾಂಕ್ರೀಟ್ ಕೋರ್, ಅಂದರೆ ಬಲ ಪರೀಕ್ಷಿಸಲು ಕೊರೆದ ತುಂಡು, ತೆಗೆಸಬೇಕು. ಇನ್ನೂ ಒಂದು ಮಾತು. ಬೆಂಕಿ ಬಿದ್ದಾಗ ಲಿಫ್ಟ್ ಹತ್ತುವ ಹಾಗಿಲ್ಲ. ವಾಕರ್ ಹಿಡಿದ ಅಜ್ಜ ಮೇಲಿನಿಂದ ಹೇಗೆ ಇಳಿಯಬೇಕು? ಜಾಗವಿದ್ದರೆ ಪಕ್ಕದಲ್ಲಿ ನೆಲದ ಮಟ್ಟಕ್ಕೇ ಕಟ್ಟಿ.

ಸದಸ್ಯೆ: ವೀಲ್‌ಚೇರ್ ರ‍್ಯಾಂಪ್ ಎಷ್ಟು ಉದ್ದ ಬೇಕು?

ಎಂಜಿನಿಯರ್: ಒಂದು ಅಡಿ ಎತ್ತರಕ್ಕೆ ಕಡೇಪಕ್ಷ 12 ಅಡಿ. ಎರಡೂ ಕಡೆ ಹಿಡಿಕೆ ಇರಲಿ.

ಸದಸ್ಯ: ಈ ಫಾರ್ವರ್ಡ್ ನೋಡಿ. ಸಿಮೆಂಟಿಗೆ ಅಂಟು ಕಲಸಿ ಬಿರುಕಿಗೆ ತುಂಬಿದರೆ ಪಿಲ್ಲರ್ ಮೊದಲಿಗಿಂತ ಗಟ್ಟಿಯಂತೆ.

ಎಂಜಿನಿಯರ್: ದಯವಿಟ್ಟು ಇದನ್ನು ಹಂಚಬೇಡಿ. ಬಿರುಕು ಮುಚ್ಚುತ್ತದೆ, ತುಕ್ಕು ನಿಲ್ಲುವುದಿಲ್ಲ. ಒಳಗೆ ಏನಾಗುತ್ತಿದೆ ಅಂತ ಕಾಣುವುದೂ ನಿಂತುಹೋಗುತ್ತದೆ. ಅಲ್ಲಿ ಜನ ಮಲಗುತ್ತಾರೆ ಸರ್.

ಇನ್ನೊಬ್ಬ ಸದಸ್ಯೆ: ಬಾಡಿಗೆಯನ್ನು ಅವರವರ ಆದಾಯ ನೋಡಿ ನಿಗದಿ ಮಾಡೋದಾ?

ಒಬ್ಬ ದಾನಿ: ದುಡ್ಡು ಕೊಟ್ಟವರು ನಮ್ಮ ಮತದವರು. ಹೊಸ ಕೋಣೆ ಮೊದಲು ನಮ್ಮವರಿಗೇ ಸಿಗಬೇಕು.

ಸ್ವಯಂಸೇವಕಿ: ಸೂರಿಲ್ಲದೆ ಬಂದ ಅಜ್ಜಿಯ ಮತ ಕೇಳಿ ಬಾಗಿಲು ತೆಗೆಯೋದಾ? ಅದಕ್ಕಾ ಮಂದಿರ ಕಟ್ಟಿದ್ದು?

ದಾನಿ: ನೀವೆಷ್ಟು ಕೊಟ್ಟಿದ್ದೀರಿ?

ಸ್ವಯಂಸೇವಕಿ: ದುಡ್ಡಿಲ್ಲ. ವಾರಕ್ಕೆ ಎರಡು ದಿನ ಅಲ್ಲಿಯವರಿಗೆ ಸ್ನಾನ ಮಾಡಿಸುತ್ತೇನೆ.

ದಾನಿ: ನಿಯಮ ಮಾಡೋದು ಸಮಿತಿ, ನೀವಲ್ಲ.

ಸದಸ್ಯ: ರ‍್ಯಾಂಪ್ ಎಷ್ಟು ಉದ್ದ ಮೇಡಂ?

ಎಂಜಿನಿಯರ್: ಮೇಲೆ ಬರೆದಿದ್ದೇನೆ. ಓದಿ.

ಕಾರ್ಯದರ್ಶಿ: ನಕ್ಷೆ ಸಿಕ್ಕಿತು. ಪಾಯ ಎರಡೇ ಅಂತಸ್ತಿಗೆ ಅಂತಿದೆ. ಹಗುರ ಇಟ್ಟಿಗೆಯಲ್ಲಿ ಕಟ್ಟಿದರೆ ನಡೆಯುತ್ತೆ ಅಂತ ಸಮಿತಿಯವರು...

ಎಂಜಿನಿಯರ್: ಚಾವಣಿ ಭಾರ, ಜನರ ಭಾರ ಎಲ್ಲಿ ಹೋಗುತ್ತದೆ? ಮೇಲೆ ಕಟ್ಟಬೇಡಿ. ಪಿಲ್ಲರ್ ಪಕ್ಕದ ಕೋಣೆ ಖಾಲಿ ಮಾಡಿಸಿದ್ರಾ?

ಕಾರ್ಯದರ್ಶಿ: ನಾಳೆ ಮಾಡಿಸುತ್ತೇವೆ.

ಎಂಜಿನಿಯರ್: ನಾಳೆ ಅಲ್ಲ, ರಾತ್ರಿಯಾಗುವ ಮೊದಲು.