ಧಾರವಾಡದಲ್ಲಿ ಕಾರ್ಯಕ್ರಮ ನಿಜವಾಗಿ ಎಷ್ಟೊತ್ತಿಗೆ ಶುರುವಾಗುತ್ತೆ? ಹೊಸಬಳಿಗೆ ದಾರಿ ಹೇಳಿ

ತಿಪಟೂರಿನವಳು:

ಎಲ್ಲರಿಗೂ ನಮಸ್ಕಾರ. ಎಂ.ಎ. ಮಾಡೋಕೆ ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಬಂದು ಒಂದೂವರೆ ತಿಂಗಳಾಯ್ತು. ಸಪ್ತಾಪುರದಲ್ಲಿ ಪಿ.ಜಿ. ಊರಿಂದ ಹೊರಡುವಾಗ ನಮ್ಮ ಸೋದರಮಾವ ಹೇಳಿದ್ದು ಒಂದೇ ಮಾತು, "ಅಲ್ಲಿ ಕಲ್ಲೆಸೆದ್ರೆ ಒಬ್ಬ ಕವಿ ಮನೆ ಮೇಲೋ ಗವಾಯಿ ಮನೆ ಮೇಲೋ ಬೀಳುತ್ತೆ." ಸರಿ, ಕಲ್ಲು ಎಸೆಯೋದು ಎಲ್ಲಿಗೆ ಅಂತ ಹುಡುಕ್ತಾ ಇದೀನಿ.

ಮೊಬೈಲಿನ ಟಿಕೆಟ್ ಆಪ್ ತೆಗೆದ್ರೆ ಹುಬ್ಬಳ್ಳಿಯ ಸಿನಿಮಾಗಳು ಬರುತ್ತೆ, ಬೆಂಗಳೂರಿಂದ ಬರೋ ಯಾರದೋ ಹಾಸ್ಯದ ಶೋ ಬರುತ್ತೆ, ಅಷ್ಟೇ. ಕಳೆದ ವಾರ ಒಂದು ಗಾಯನ ಕಾರ್ಯಕ್ರಮದ ಆಮಂತ್ರಣ ಕೈಗೆ ಸಿಕ್ತು. "ಸಂಜೆ 5:30ಕ್ಕೆ ಸರಿಯಾಗಿ" ಅಂತ ಅಚ್ಚು ಹಾಕಿಸಿದ್ರು. "ಸರಿಯಾಗಿ" ಅನ್ನೋದನ್ನ ನಂಬಿ ಐದೂ ಇಪ್ಪತ್ತಕ್ಕೇ ಹೋದೆ. ಒಳಗೆ ಏಣಿ ಹತ್ತಿ ಬ್ಯಾನರ್ ಕಟ್ಟುತ್ತಿದ್ದ ಒಬ್ಬರು, ಕೊನೇ ಸಾಲಲ್ಲಿ ನಿದ್ದೆ ಮಾಡ್ತಿದ್ದ ಒಬ್ಬ ಅಜ್ಜ, ಇನ್ನು ನಾನು. ಆರೂವರೆಗೆ ಪ್ರಾರ್ಥನೆ. ಆಮೇಲೆ ಸ್ವಾಗತ, ಪ್ರಾಸ್ತಾವಿಕ, ಸನ್ಮಾನ, ಸನ್ಮಾನಿತರ ಮಾತು, ಮುಖ್ಯ ಅತಿಥಿ, ಅಧ್ಯಕ್ಷರು. ಎಂಟೂಕಾಲಿಗೆ ಗಾಯಕಿ ವೇದಿಕೆ ಹತ್ತಿ ತಂಬೂರಿ ಶ್ರುತಿ ಮಾಡೋಕೆ ಕೂತ್ರು. ನಮ್ಮ ಪಿ.ಜಿ. ಗೇಟು ಒಂಬತ್ತಕ್ಕೆ. ಎರಡೇ ಎರಡು ಆಲಾಪ ಕೇಳಿ, ಮಳೇಲಿ ಓಡಿ ಬಂದೆ.

ಹಾಗಾಗಿ ಈ ಪ್ರಶ್ನೆ. ಈಗಿಂದ ಜನವರಿವರೆಗೆ ಧಾರವಾಡದಲ್ಲಿ ನೋಡಲೇಬೇಕಾದ್ದು, ಕೇಳಲೇಬೇಕಾದ್ದು ಏನೇನಿದೆ? ಸುದ್ದಿ ಎಲ್ಲಿ ಸಿಗುತ್ತೆ? ಕುಂದಗೋಳದಲ್ಲಿ ರಾತ್ರಿಯೆಲ್ಲ ಹಾಡ್ತಾರಂತೆ, ಹುಡುಗೀರು ಹೋಗಬಹುದಾ? ನನಗೆ ರಾಗ ಗುರುತಿಸೋಕೆ ಬರಲ್ಲ. ಯಮನ್ ಅಂತ ಯಾರಾದ್ರೂ ಹೇಳಿದ್ರೆ ಹೌದು ಅಂತ ತಲೆಯಾಡಿಸ್ತೀನಿ.

ಮೈಕ್‌ಸೆಟ್ ಮಾವ:

ತಂಗಿ, ಓದಿ ನಕ್ಕೆ. ನಗಬಾರದಿತ್ತು. ಏಣಿ ಮ್ಯಾಲೆ ಬ್ಯಾನರ್ ಕಟ್ಟಾಕತ್ತಿದ್ದ ಮನಷ್ಯಾ ನಾನ ಇದ್ದರೂ ಇದ್ದೇನು. ಇಪ್ಪತ್ತೆರಡು ವರ್ಷ ಆತು ಈ ಊರಾಗ ಮೈಕ್ ಹಚ್ಚಾಕತ್ತು. ಬ್ಯಾನರ್ ನಮ್ಮ ಕೆಲಸ ಅಲ್ಲ, ಆದ್ರ ಏಣಿ ನಮ್ಮದು ಇರತೈತಲ್ಲ, ಅದಕ್ಕ ಬ್ಯಾನರೂ ನಮ್ಮ ಕೊಳ್ಳಿಗೆ ಬೀಳತೈತಿ.

ಮೊದಲ ಒಂದು ಲೆಕ್ಕ ಕಲಿ. ಆಮಂತ್ರಣ ಪತ್ರಿಕಾದಾಗ ಹಾಕಿದ ಟೈಮ್ ಇರೂದು ಖುರ್ಚಿಯವಗ, ಮೈಕಿನವಗ. ಕೇಳೂ ಮಂದಿಗೆ ಅಲ್ಲ. ಗಾಯನ ಯಾವಾಗ ಅನ್ನೂದನ್ನ ವೇದಿಕಿ ಬಾಜೂಕ ಇಟ್ಟ ಟೇಬಲ್ ಹೇಳತೈತಿ. ಅದರ ಮ್ಯಾಲೆ ತಾಟ್ ಇರತಾವ. ತಾಟಿನ್ಯಾಗ ಶಾಲು ಎಷ್ಟು ಅದಾವ ಎಣಿಸು. ಒಂದು ಶಾಲಿಗೆ ಐದು ನಿಮಿಷ ಹಿಡಿ. ಹೆಸರು ಕರೀಬೇಕು, ಅವರು ನಡಕೊಂತ ಬರಬೇಕು, ಶಾಲು ಹೊಚ್ಚಬೇಕು, ಹಾರ ಹಾಕಬೇಕು, ಹಣ್ಣಿನ ಪುಟ್ಟಿ ಕೊಡಬೇಕು, ಫೋಟೊದವ "ಸರ್ ಇನ್ನೊಮ್ಮೆ, ಈ ಕಡೆ" ಅನ್ನಬೇಕು. ವೇದಿಕಿ ಮ್ಯಾಲಿನ ಖುರ್ಚಿಗೆ ತಲಾ ಹತ್ತು ನಿಮಿಷ. ನಾಕು ಖುರ್ಚಿ, ಆರು ಶಾಲು ಅಂದ್ರ ಎಪ್ಪತ್ತು ನಿಮಿಷ ಗ್ಯಾರಂಟಿ. ಹೊರಗ ಹೋಗಿ ಚಾ ಕುಡಿ, ಒಂದು ಪ್ಲೇಟ್ ಗಿರಮಿಟ್ ತಿನ್ನು.

ವಾಪಸ್ ಬರೂದು ಯಾವಾಗ ಅಂದ್ರ, ತಬಲಾಕ್ಕ ಹತೋಡಿ ಬಡಿಯೂ ಸಪ್ಪಳ ಕೇಳಿದ ಕೂಡಲೇ. ಮಳಿಗಾಲದಾಗ ತಬಲಾದ ತೊಗಲು ಥಂಡಿಗೆ ಸಡಿಲ ಬೀಳತೈತಿ, ಶ್ರುತಿಗೆ ಏರಸಾಕ ಜಾಸ್ತಿ ಹೊತ್ತು ಬೇಕು. ಟಕ್ ಟಕ್ ಅಂತ ಗಟ್ಟಿ ಬಡದು, ಆಮ್ಯಾಲೆ ಹಗೂರ ಬಡದು, ಒಂದು ಗಳಿಗಿ ಕಿವಿ ಕೊಟ್ಟು ಕೇಳಿ, ಮತ್ತ ಒಂದು ಬಡತಾರ ನೋಡು, ಅಲ್ಲಿಗೆ ಮುಗೀತು. ಅಷ್ಟರಾಗ ನೀ ಒಳಗ ಕುಂತಿರಬೇಕು.

ಎಲ್ಲೆ ಕುಂದ್ರೂದು ಅಂತ ನೀ ಕೇಳಿಲ್ಲ, ಆದ್ರ ನನಗ ಗೊತ್ತಿದ್ದದ್ದು ಅದ. ಮುಂದಿನ ಸಾಲು ಬ್ಯಾಡ. ಅದು ಶಾಲು ಹೊಚ್ಚಿಸಿಕೊಂಡವರದು, ಅವರು ಒಂಬತ್ತಕ್ಕ ಎದ್ದು ಹೋಗೂವಾಗ ಗದ್ದಲ. ಸ್ಪೀಕರ್ ಎದುರಿಗೂ ಬ್ಯಾಡ, ತಂಬೂರಿ ಕೇಳೂದಿಲ್ಲ. ನನ್ನಂಥಾವ ಮಿಕ್ಸರ್ ಇಟಗೊಂಡು ಎಲ್ಲೆ ಕುಂತಿರತಾನಲ್ಲ, ಅವನ ಬಾಜೂಕ ಕುಂದ್ರು. ಅವ ಅಲ್ಲಿಂದ ಕೇಳಿ ಕೇಳಿನ ಧ್ವನಿ ಕೂಡಿಸಿರತಾನ. ಇಡೀ ಹಾಲಿನ್ಯಾಗ ಅದಕ್ಕಿಂತ ಛಲೋ ಜಾಗಾ ಇಲ್ಲ. ಯಾರೂ ಕುಂದ್ರೂದಿಲ್ಲ, ವೈರ್ ಕಾಲಿಗೆ ತೊಡರತಾವಂತ.

ಈಗ ತಾರೀಖು. ಸೆಪ್ಟೆಂಬರ್ 12 ಬರದಿಟಗೋ. ಮಲ್ಲಿಕಾರ್ಜುನ ಮನ್ಸೂರರು 1992ರಾಗ ಹೋದ ದಿನ ಅದು. ಅದರ ಆಜೂಬಾಜೂ ಅವರ ಸ್ಮರಣಾರ್ಥ ಸಂಗೀತ ಇರತೈತಿ. ವಿಚಿತ್ರ ಏನಂದ್ರ, ಕುಂದಗೋಳದ ಗವಾಯಿ ಸವಾಯಿ ಗಂಧರ್ವರು ತೀರಿಕೊಂಡದ್ದೂ ಅದ ತಾರೀಖು, 1952ರಾಗ. ಬರೋಬ್ಬರಿ ನಲವತ್ತು ವರ್ಷದ ಅಂತರ. ಹಿಂಗಾಗಿ ನಮ್ಮ ಕಡೆ ಸೆಪ್ಟೆಂಬರ್ ಅಂದ್ರ ಸಂಗೀತದ ತಿಂಗಳು. ನಡುವ ಕೃಷಿ ವಿಶ್ವವಿದ್ಯಾಲಯದ ಕೃಷಿ ಮೇಳಾನೂ ಬರತೈತಿ, ಅದಕ್ಕೂ ಹೋಗು. ಎತ್ತು, ಟ್ರ್ಯಾಕ್ಟರ್, ಹೂವಿನ ಸಸಿ, ಜನಾನೋ ಜನ. ಕಲೆ ಅಲ್ಲ ಖರೆ, ಮನರಂಜನಿ ಹೌದೋ ಅಲ್ಲೋ ನೀನ ಹೇಳು.

ಡಿಸೆಂಬರ್ 31ಕ್ಕ ಮಂದಿ ಕೇಕ್ ಕತ್ತರಸ್ತಾರ. ಮನ್ಸೂರರು ಹುಟ್ಟಿದ್ದು 1910ರ ಡಿಸೆಂಬರ್ 31ಕ್ಕ. ಜನವರಿ 31 ಬೇಂದ್ರೆ ಅಜ್ಜಾರ ಹುಟ್ಟಿದ ದಿನ, ಸಾಧನಕೇರಿಯ ಬೇಂದ್ರೆ ಭವನದಾಗ ಕಾರ್ಯಕ್ರಮ. ಹಿಂದಿನ ದಿನನ ಹೋಗಿ ಕೆರಿ ದಂಡಿಗೆ ಒಂದು ಸುತ್ತು ಹಾಕಿ ಬಾ, ಕಾರ್ಯಕ್ರಮದ ದಿನ ಗಾಡಿ ನಿಲ್ಲಸಾಕ ಜಾಗಾ ಸಿಗೂದಿಲ್ಲ.

ಸುದ್ದಿ ಎಲ್ಲೆ ಅಂದ್ರ, ಮುಂಜಾನೆ ಪೇಪರಿನ ಜಿಲ್ಲಾ ಪುಟದಾಗ ಸಣ್ಣ ಅಕ್ಷರದಾಗ "ಇಂದಿನ ಕಾರ್ಯಕ್ರಮ" ಅಂತ ಇರತೈತಿ. ನಾಕು ಸಾಲು. ನಮ್ಮ ಹೊಟ್ಟಿಪಾಡು ಆ ನಾಕು ಸಾಲಿನ್ಯಾಗ ಐತಿ.

ಈಗ ಗದಗ, ಆಗ ಸಪ್ತಾಪುರ:

ಕುಂದಗೋಳದ ಬಗ್ಗೆ ನಾನು ಹೇಳ್ತೀನಿ. ಎಂ.ಎ. ಎರಡನೇ ವರ್ಷದಲ್ಲಿ ನಾವು ನಾಲ್ಕು ಹುಡುಗಿಯರು ಹೋಗಿದ್ವಿ. ಧೈರ್ಯವಾಗಿ ಹೋಗಿ. ಒಬ್ಬರೇ ಬೇಡ, ಅದು ಭಯಕ್ಕಲ್ಲ, ರಾತ್ರಿ ಎರಡು ಗಂಟೆಗೆ ಪಕ್ಕದವಳನ್ನು ಜಿಗುಟಿ ಎಬ್ಬಿಸೋಕೆ ಒಬ್ಬರು ಬೇಕು.

ಜುಬಿಲಿ ಸರ್ಕಲ್‌ನಲ್ಲಿ ಚಿಗರಿ ಬಸ್ ಹತ್ತಿ ಹುಬ್ಬಳ್ಳಿಗೆ ಹೋಗಿ. ಅಲ್ಲಿಂದ ಬಸ್ಸೂ ಇದೆ, ರೈಲೂ ಇದೆ. ಆದಷ್ಟು ರೈಲಿಗೇ ಹೋಗಿ ಅಂತೀನಿ. ಗಂಗೂಬಾಯಿ ಹಾನಗಲ್ಲರು ಸವಾಯಿ ಗಂಧರ್ವರ ಹತ್ತಿರ ಪಾಠಕ್ಕೆ ಹುಬ್ಬಳ್ಳಿಯಿಂದ ಹೋಗಿ ಬರ್ತಿದ್ದದ್ದು ಅದೇ ಹಳಿ ಮೇಲೆ. ಭೀಮಸೇನ ಜೋಶಿ ಗುರುಗಳ ಮನೆಗೆ ಕೊಡ ಹೊತ್ತು ನೀರು ತಂದ ಊರು ಅದು. ಕಚೇರಿ ನಡೆಯೋದು ನಾಡಿಗೇರ ವಾಡೆಯಲ್ಲಿ. ಹಾಲ್ ಅಂದುಕೊಂಡು ಹೋಗಬೇಡಿ. ಹಳೇ ಮನೆ, ಮರದ ಕಂಬ, ಕೆಳಗೆ ಜಮಖಾನ. ಚಪ್ಪಲಿ ಬಿಟ್ಟ ಜಾಗ ನೆನಪಿಟ್ಟುಕೊಳ್ಳಿ. ನಾನು ನೆನಪಿಟ್ಟುಕೊಂಡಿರಲಿಲ್ಲ, ಎರಡೂ ಎಡಗಾಲಿನ ಚಪ್ಪಲಿ ಹಾಕ್ಕೊಂಡು ಹುಬ್ಬಳ್ಳಿಗೆ ಬಂದೆ.

ರಾಗ ಗೊತ್ತಿಲ್ಲ ಅಂದಿರಿ. ಅದಕ್ಕೇ ಕುಂದಗೋಳಕ್ಕೆ ಹೋಗಬೇಕು. ಪೇಟೆಯ ಕಚೇರಿ ಸಂಜೆ ಶುರುವಾಗಿ ಹತ್ತಕ್ಕೆ ಮುಗಿಯುತ್ತೆ, ಅಷ್ಟರಲ್ಲಿ ಎಷ್ಟು ವರ್ಷ ಕೇಳಿದ್ರೂ ಸಂಜೆಯ ರಾಗಗಳೇ. ಮಧ್ಯರಾತ್ರಿಯ ಮಾಲಕಂಸ, ಬೆಳಗಿನ ಲಲಿತ ಅವುಗಳ ಹೊತ್ತಿಗೇ ಕಿವಿಗೆ ಬೀಳಬೇಕಾದ್ರೆ ರಾತ್ರಿ ಪೂರ್ತಿ ಕೂರಬೇಕು. ನಾನು ಒಂದೂವರೆಗೆ ತೂಕಡಿಸ್ತಿದ್ದೆ. ಪಕ್ಕದಲ್ಲಿ ಕೂತಿದ್ದ ಇಳಕಲ್ ಸೀರೆಯ ಅಜ್ಜಿ ತಮ್ಮ ಶಾಲು ನನ್ನ ಮೇಲೆ ಹಾಕಿ, "ಮಕ್ಕೋ, ಭೈರವಿಗೆ ಎಬ್ಬಸ್ತೀನಿ" ಅಂದ್ರು. ಹೇಳಿದ ಹಾಗೇ ಎಬ್ಬಿಸಿದ್ರು. ಭೈರವಿ ಅಂದ್ರೆ ಕಚೇರಿ ಮುಗೀತು ಅಂತ ಅನ್ನೋದು ಆಗ ನನಗೆ ಗೊತ್ತಿರಲಿಲ್ಲ. ಕಣ್ಣು ಬಿಟ್ಟರೆ ಹೊರಗೆ ಬೆಳಕು, ಜನ ಹೊದಿಕೆ ಮಡಚ್ತಾ ಇದ್ದಾರೆ, ಹಾಡು ಇನ್ನೂ ನಡೀತಿದೆ. ಲಲಿತವನ್ನು ನಿದ್ದೆಯಲ್ಲೇ ಕೇಳಿರಬೇಕು.

ದಿನಾಂಕ ಪೇಪರಲ್ಲಿ ನೋಡಿಕೊಳ್ಳಿ. ಪಿ.ಜಿ.ಯವರಿಗೆ ಎರಡು ದಿನ ಮುಂಚೆ ಪತ್ರ ಬರೆದುಕೊಡಿ, "ಸಂಗೀತ ಕಾರ್ಯಕ್ರಮ" ಅನ್ನಬೇಡಿ, "ಸವಾಯಿ ಗಂಧರ್ವರ ಪುಣ್ಯತಿಥಿ" ಅನ್ನಿ. ಪುಣ್ಯತಿಥಿಗೆ ಯಾರೂ ಬೇಡ ಅನ್ನಲ್ಲ.

ಪರದೆ ಎಳೆಯುವವ:

ಯಾವಾಗ ನೋಡಿದ್ರೂ ಸಂಗೀತ, ಸಂಗೀತ. ಧಾರವಾಡದಾಗ ನಾಟಕ ಅನ್ನೂದು ಒಂದು ಐತಿ, ಯಾರಿಗರೆ ನೆನಪೈತಿ ಇಲ್ಲೊ?

ಕೆ.ಸಿ.ಡಿ., ಅಂದ್ರ ಕರ್ನಾಟಕ ಕಾಲೇಜಿನ ಆವರಣದಾಗ ಸೃಜನಾ ರಂಗಮಂದಿರ ಐತಿ. 1917ರಾಗ ಚಾಲೂ ಆದ ಕಾಲೇಜು, ಗಿರೀಶ ಕಾರ್ನಾಡರು ಗಣಿತ ಕಲ್ತದ್ದು ಅಲ್ಲೇ. ಅದರ ಗೇಟಿನ ಬಾಜೂಕ ಏನು ಹಚ್ಯಾರ ಅಂತ ವಾರಕ್ಕೊಮ್ಮೆ ನೋಡಿಕೊಂಡು ಬರ್ರಿ. ಧಾರವಾಡ ರಂಗಾಯಣದ ನಾಟಕ, ಹವ್ಯಾಸಿ ತಂಡದವರದು, ಮಕ್ಕಳದು ಹಿಂಗ ಬರತಿರತಾವ. ನಾಟಕದ ಮಂದಿಗೆ ಶಾಲು ಕಡಿಮಿ, ಹಿಂಗಾಗಿ ಮೈಕ್‌ಸೆಟ್ ಅಣ್ಣಾರ ಲೆಕ್ಕ ಇಲ್ಲೆ ನಡಿಯಂಗಿಲ್ಲ. ಮೂರನೇ ಗಂಟಿ ಬಾರಿಸಿದ್ರ ನಾಟಕ ಚಾಲೂನ, ತಡಾ ಮಾಡಿ ಬಂದ್ರ ಕತ್ತಲದಾಗ ಮತ್ತೊಬ್ಬರ ಕಾಲು ತುಳಕೊಂತ ಹೋಗಬೇಕು.

ಇನ್ನೊಂದು. ಸುಭಾಸ ರಸ್ತೆಗೆ ಹೋಗಿ ಮನೋಹರ ಗ್ರಂಥಮಾಲೆಯ ಅಟ್ಟ ಹತ್ತರಿ. 1933ರಿಂದ ಪುಸ್ತಕ ತರಾಕತ್ತ ಸಂಸ್ಥೆ, ಜಿ.ಬಿ. ಜೋಶಿ ಅವರು ಕಟ್ಟಿದ್ದು. ಕಾರ್ನಾಡರ ಮೊದಲ ನಾಟಕ 1961ರಾಗ ಅಚ್ಚಾಗಿದ್ದು ಅಲ್ಲಿಂದ. ಕಾರ್ಯಕ್ರಮದ ಪಟ್ಟಿ ಆಪ್‌ನ್ಯಾಗ ಸಿಗಂಗಿಲ್ಲ, ಅಟ್ಟದಾಗ ಹತ್ತು ನಿಮಿಷ ನಿಂತರ ಯಾರರೆ ಹೇಳತಾರ.

ಬ್ಯಾಸಿಗಿ ತನಕ ಇಲ್ಲೇ ಇದ್ರ ಹಳ್ಳಿ ಜಾತ್ರ್ಯಾಗಿನ ಸಣ್ಣಾಟ, ಅಂದ್ರ ಹಾಡಿನ ಜಾನಪದ ನಾಟಕ, ನೋಡದ ಊರಿಗೆ ಹೋಗಬ್ಯಾಡ್ರಿ. ಅದು ಬ್ಯಾರೇನ ಮಜಾ.

ಹುಬ್ಬಳ್ಳಿ ಹುಡುಗ:

ಡಿಜೆ, ಬ್ಯಾಂಡ್ ಏನೂ ಇಲ್ಲೇನ್ರಿ ನಿಮ್ಮ ಊರಾಗ?

ಮೈಕ್‌ಸೆಟ್ ಮಾವ:

ಗಣಪತಿ ಕಳಸೂ ದಿನ ಬಾರೋ ತಮ್ಮಾ. ಮರುದಿನ ಬೆಳತಾನ ನನ್ನ ಕಿವ್ಯಾಗ ಗುಂಯ್ ಅಂತಿರತೈತಿ. ಹೊಟ್ಟಿಗೆ ಹಾಕೂದು ಅದ ಸೀಜನ್ನು, ಬೈಯಂಗಿಲ್ಲ.

ತಂಗಿ, ಒಂದು ಹೇಳೂದು ಉಳೀತು. ಕರ್ನಾಟಕ ವಿದ್ಯಾವರ್ಧಕ ಸಂಘ ನೋಡಿಯೇನು? 1890ರಾಗ ಹುಟ್ಟಿದ್ದು. ಅಲ್ಲೆ ಮ್ಯಾಲಿಂದ ಮ್ಯಾಲೆ ಏನರೆ ನಡದಿರತೈತಿ, ಪುಸ್ತಕ ಬಿಡುಗಡೆ, ಉಪನ್ಯಾಸ, ಹಾಡು. ಸಂಜಿ ಮುಂದ ಸುಮ್ನ ಹೊಕ್ಕು ನೋಡು. ಟಿಕೀಟಿಲ್ಲ, ಯಾರೂ ನೀ ಯಾರು ಅಂತ ಕೇಳೂದಿಲ್ಲ. ಕೇಳಿದ್ರ ಅದು ಕುಂದ್ರು ಅಂತ ಹೇಳೂ ಸಲುವಾಗಿ.

ತಿಪಟೂರಿನವಳು:

ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ಒಂದು ಸಿತಾರ್ ಕಾರ್ಯಕ್ರಮಕ್ಕೆ ಹೋಗಿದ್ದೆ, ರೂಮ್‌ಮೇಟ್ ಜೊತೆ. ಹೋದ ತಕ್ಷಣ ಟೇಬಲ್ ಹತ್ತಿರ ನಿಂತು ಶಾಲು ಎಣಿಸಿದೆ. ಏಳು. ಖುರ್ಚಿ ಮೂರು. ಏಳೈದ್ಲಿ ಮೂವತ್ತೈದು, ಮೂರ್ಹತ್ಲಿ ಮೂವತ್ತು, ಒಟ್ಟು ಅರವತ್ತೈದು ನಿಮಿಷ. ಎದುರಿಗೆ ಹೋಗಿ ಗಿರಮಿಟ್ ತಿಂದು, ಚಾ ಕುಡಿದು (ಈಗ "ಟೀ" ಅನ್ನೋದು ಬಿಟ್ಟಿದೀನಿ) ಸರಿಯಾಗಿ ಅರವತ್ತೈದು ನಿಮಿಷಕ್ಕೆ ಬಂದೆ. ಕೊನೇ ಶಾಲು ಇನ್ನೂ ಹೊದಿಸ್ತಾ ಇದ್ರು. ಐದೇ ನಿಮಿಷ ತಪ್ಪಿತು! ಆಮೇಲೆ ಹತೋಡಿ ಸದ್ದು. ಮಿಕ್ಸರ್ ಪಕ್ಕದಲ್ಲೇ ಕೂತ್ವಿ, ಅಲ್ಲಿದ್ದ ಯಜಮಾನ್ರು ಏನೂ ಮಾತಾಡಲಿಲ್ಲ, ವೈರ್ ಸರಿಸಿ ಜಾಗ ಮಾಡಿಕೊಟ್ರು. ಸಿತಾರಿನವರು ಒಂದು ಸ್ವರ ಎಳೆದು ಬಿಟ್ಟಾಗ ಅದು ಎಷ್ಟು ಹೊತ್ತು ಉಳಿಯುತ್ತೆ ಅಂತ ಮೊದಲ ಸಲ ಗೊತ್ತಾಯ್ತು. ರಾಗ ಯಾವುದು ಅಂತ ಕೇಳಬೇಡಿ.

ಗೇಟ್ ಮುಚ್ಚೋಕೆ ನಾಲ್ಕು ನಿಮಿಷ ಇರುವಾಗ ಪಿ.ಜಿ. ತಲುಪಿದ್ವಿ. ಕುಂದಗೋಳಕ್ಕೆ ಮೂರು ಜನ ಆಗಿದೀವಿ, ಇನ್ನೊಬ್ಬಳು ಬೇಕು.

ಮೈಕ್‌ಸೆಟ್ ಮಾವ:

ಪೂರಿಯಾ ಕಲ್ಯಾಣ. ಮತ್ತ ಶಾಲು ಏಳಲ್ಲ, ಎಂಟು. ಒಂದು ಶಾಲು ಹಣ್ಣಿನ ಪುಟ್ಟಿ ಕೆಳಗ ಇತ್ತು, ಅದಕ್ಕ ನಿನ್ನ ಲೆಕ್ಕ ತಪ್ಪಿದ್ದು.