ಕ್ಯಾಸರೋಲ್: ತಳದಲ್ಲಿ ನೀರು, ಮೇಲೆ ಒಣಕಲು. ಎಲ್ಲಿ ತಪ್ಪುತ್ತಿದೆ?

ಸಂಜೆ_ಏಳೂವರೆ (ಪ್ರಶ್ನೆ)

ಕೆಲಸದ ದಿನಗಳ ರಾತ್ರಿ ಊಟಕ್ಕೆ ಕ್ಯಾಸರೋಲ್ ಸರಿ ಮಾಡಿಕೊಳ್ಳಬೇಕಿದೆ. (ಬಿಸಿ ಆರದಂತೆ ಇಡುವ ಡಬ್ಬಿ ಅಲ್ಲ, ಓವನ್‌ನಲ್ಲಿ ಒಂದೇ ಪಾತ್ರೆಯಲ್ಲಿ ಬೇಯಿಸುವ ಅಡುಗೆ.) ದೊಡ್ಡವರು ಇಬ್ಬರು, ಮಕ್ಕಳು ಇಬ್ಬರು. ಸಂಜೆ ನಿಂತು ಕೆಲಸ ಮಾಡೋಕೆ ಸಿಗೋದು ಬರೀ 20 ನಿಮಿಷ. ಆಮೇಲೆ ಓವನ್ ತನ್ನ ಪಾಡಿಗೆ ಮುಕ್ಕಾಲು ಗಂಟೆ ಬೇಯಿಸಿಕೊಂಡರೂ ತೊಂದರೆ ಇಲ್ಲ.

ಈಗ ಆಗುತ್ತಿರೋದು ಹೀಗೆ: ಹಸಿ ಪಾಸ್ತಾ ಹಾಕಿದರೆ ಮೇಲಿನದು ಕಲ್ಲು, ಕೆಳಗಿನದು ಮುದ್ದೆ. ಅಕ್ಕಿ ಹಾಕಿದರೆ ಮೇಲಿನ ಕಾಳು ಬೇಯೋದೇ ಇಲ್ಲ. ಅಣಬೆ, ಪಾಲಕ್ ಹಾಕಿದ ದಿನ ತಳದಲ್ಲಿ ನೀರು ನಿಲ್ಲುತ್ತೆ. ವೈಟ್ ಸಾಸ್ ಕೆಲವೊಮ್ಮೆ ಹಾಲು ಒಡೆದ ಹಾಗೆ ಕಾಣುತ್ತೆ. ಪಾತ್ರೆ 23×33 ಸೆಂ.ಮೀ. ಗಾಜಿನದು, ಉಷ್ಣತೆ 180 ಡಿಗ್ರಿ. ಹಿಂದಿನ ದಿನವೇ ಜೋಡಿಸಿ ಫ್ರಿಜ್‌ನಲ್ಲಿಡಬಹುದಾ, ಏನೇನು ಇಡಬಾರದು, ಅದನ್ನೂ ತಿಳಿಸಿ.

---

ಹದ_ನೋಡಿ

ನಾಲ್ಕೂ ತೊಂದರೆಗೆ ಬೇರು ಹೆಚ್ಚುಕಡಿಮೆ ಒಂದೇ, ನೀರಿನ ಲೆಕ್ಕ. ಒಲೆಯ ಮೇಲಾದರೆ ನಡುವೆ ಕೈಯಾಡಿಸಿ, ಗಟ್ಟಿಯಾದರೆ ನೀರು ಹಾಕಿ, ತೆಳ್ಳಗಾದರೆ ಬತ್ತಿಸಿ ಸರಿಮಾಡಬಹುದು. ಫಾಯಿಲ್ ಮುಚ್ಚಿ ಓವನ್‌ಗೆ ಇಟ್ಟ ಮೇಲೆ ನೀರು ಹೊರಗೂ ಹೋಗಲ್ಲ, ಒಳಗೂ ಬರಲ್ಲ. ಒಳಗೆ ಇಡುವ ಹೊತ್ತಿಗೇ ಲೆಕ್ಕ ಸರಿಯಿರಬೇಕು.

ಹಸಿ ಪಾಸ್ತಾ: ನಿಮ್ಮ ಅಳತೆಯ ಪಾತ್ರೆಗೆ 400 ಗ್ರಾಂ ಪೆನ್ನೆ, 650 ಮಿ.ಲೀ. ಟೊಮೆಟೊ ಸಾಸ್, 650 ಮಿ.ಲೀ. ಕುದಿಯುವ ನೀರು. ಅಂದರೆ ಪಾಸ್ತಾದ ತೂಕಕ್ಕೆ ಮೂರು ಪಟ್ಟಿಗಿಂತ ತುಸು ಹೆಚ್ಚು ದ್ರವ. ನೋಡೋಕೆ ಸಾರಿನ ಹಾಗೆ ಕಾಣುತ್ತೆ, ಗಾಬರಿ ಬೇಡ, ಎಲ್ಲವನ್ನೂ ಪಾಸ್ತಾ ಕುಡಿಯುತ್ತೆ. ಒಂದು ತುಂಡೂ ಮೇಲೆ ತಲೆ ಎತ್ತಿರಬಾರದು. ತಲೆ ಎತ್ತಿದ್ದೇ ಕಲ್ಲಾಗೋದು. ಫಾಯಿಲ್ ಬಿಗಿಯಾಗಿ ಮುಚ್ಚಿ 220 ಡಿಗ್ರಿಯಲ್ಲಿ 35 ನಿಮಿಷ. 180 ಇದಕ್ಕೆ ಸಾಲದು, ದ್ರವ ಕುದಿ ಬರೋದಕ್ಕೇ ಅರ್ಧ ಗಂಟೆ ತೆಗೆದುಕೊಳ್ಳುತ್ತೆ, ಅಷ್ಟರಲ್ಲಿ ಕೆಳಗಿನದು ನೆನೆದು ಮುದ್ದೆ. ಫಾಯಿಲ್ ತೆಗೆದು ತಳದಿಂದ ಒಮ್ಮೆ ಮಗುಚಿ, 150 ಗ್ರಾಂ ಚೀಸ್ ಉದುರಿಸಿ, ಮುಚ್ಚದೆ ಇನ್ನು 10 ನಿಮಿಷ. ಸಾಸ್‌ನಲ್ಲಿ ಉಪ್ಪಿದ್ದರೆ ಅರ್ಧ ಟೀ ಚಮಚ ಮಾತ್ರ ಹಾಕಿ.

ಅಕ್ಕಿ: 300 ಗ್ರಾಂ ಉದ್ದಕ್ಕಿಗೆ 700 ಮಿ.ಲೀ. ಬಿಸಿ ಸ್ಟಾಕ್ (ತರಕಾರಿ ಅಥವಾ ಕೋಳಿ ಬೇಯಿಸಿ ಸೋಸಿದ ನೀರು), 190 ಡಿಗ್ರಿ, 30ರಿಂದ 35 ನಿಮಿಷ. ಮೇಲಿನ ಕಾಳು ಬೇಯದಿರೋದಕ್ಕೆ ಕಾರಣ ಎರಡು: ಫಾಯಿಲ್ ಅಂಚಿನಿಂದ ಹಬೆ ಸೋರೋದು, ಅಥವಾ ಕೋಳಿ, ತರಕಾರಿ ಹರಡುವಾಗ ಅಕ್ಕಿ ದಂಡೆಗೆ ಏರಿ ನೀರಿನ ಮಟ್ಟ ದಾಟೋದು. ಸೌಟಿನ ಹಿಂಬದಿಯಿಂದ ಒತ್ತಿ ಮಟ್ಟ ಮಾಡಿ, ಫಾಯಿಲ್ ಎರಡು ಪದರ ಹಾಕಿ. ನಡುವೆ ಇಣುಕಬೇಡಿ. ಹೊರಗೆ ತೆಗೆದ ಮೇಲೂ ಮುಚ್ಚಿಯೇ 10 ನಿಮಿಷ ಬಿಟ್ಟರೆ ಉಳಿದ ಹಬೆಯಲ್ಲಿ ಮೇಲಿನ ಪದರ ಅರಳುತ್ತೆ. ಟೊಮೆಟೊ ಹೆಚ್ಚಿದ್ದರೆ 5–10 ನಿಮಿಷ ಜಾಸ್ತಿ ಬೇಕು, ಹುಳಿ ಇದ್ದಲ್ಲಿ ಬೇಯೋದು ನಿಧಾನ. ಕೆಂಪಕ್ಕಿಯಂಥ ಪಾಲಿಶ್ ಮಾಡದ ಅಕ್ಕಿಗೆ ಒಂದು ಗಂಟೆಯಾದರೂ ಬೇಕು, ವಾರದ ದಿನಕ್ಕೆ ಅದು ಆಗದ ಮಾತು.

ಅಣಬೆಯ ತೂಕದಲ್ಲಿ 90 ಭಾಗಕ್ಕಿಂತ ಹೆಚ್ಚು ನೀರು. ಅಗಲ ಬಾಣಲೆಯಲ್ಲಿ ದೊಡ್ಡ ಉರಿಗೆ ಹಾಕಿದರೆ ಮೊದಲು ಚುರ್ ಅನ್ನುತ್ತೆ, ಆಮೇಲೆ ನೀರು ಬಿಟ್ಟು ಸುಮ್ಮನಾಗುತ್ತೆ, ನೀರು ಬತ್ತಿದಾಗ ಮತ್ತೆ ಚುರ್ ಅನ್ನುತ್ತೆ. ಆ ಎರಡನೇ ಸದ್ದು ಬಂದ ಮೇಲೇ ಇಳಿಸಬೇಕು. 500 ಗ್ರಾಂಗೆ 8–10 ನಿಮಿಷ. ಉಪ್ಪು ಕೊನೆಗೆ. ಪಾಲಕ್ ಬಾಡಿಸಿ, ಆರಿಸಿ, ಮುಷ್ಟಿಯಲ್ಲಿ ಹಿಂಡಿ. ಫ್ರೀಜರ್ ಬಟಾಣಿ, ಜೋಳ ಹಾಗೇ ಹಾಕಬಹುದು. ಈರುಳ್ಳಿ ಮಾತ್ರ ಹಸಿಯಾಗಿ ಬೇಡವೇ ಬೇಡ, 45 ನಿಮಿಷ ಬೆಂದರೂ ಕಚಕಚ ಅನ್ನುತ್ತೆ.

ವೈಟ್ ಸಾಸ್: 40 ಗ್ರಾಂ ಬೆಣ್ಣೆ, 40 ಗ್ರಾಂ ಮೈದಾ, 600 ಮಿ.ಲೀ. ಹಾಲು. ಬೆಣ್ಣೆಯಲ್ಲಿ ಮೈದಾವನ್ನು ಸಣ್ಣ ಉರಿಯಲ್ಲಿ 2 ನಿಮಿಷ ಹುರಿಯಿರಿ. ಹಸಿ ವಾಸನೆ ಹೋಗಬೇಕು, ಬಣ್ಣ ತಿರುಗಬಾರದು. ಮೊದಲ 100 ಮಿ.ಲೀ. ಹಾಲನ್ನು ಮೂರು ಸಲವಾಗಿ ಹಾಕಿ ಪ್ರತಿ ಸಲ ಪೂರ್ತಿ ಕಲಸಿಕೊಳ್ಳಿ, ಗಂಟಾಗೋದು ಈ ಹಂತದಲ್ಲೇ. ಉಳಿದದ್ದನ್ನು ಒಟ್ಟಿಗೆ ಸುರಿಯಬಹುದು. ಕುದಿ ಬಂದ ಮೇಲೆ 3–4 ನಿಮಿಷ. ಒಲೆ ಆರಿಸಿ, ಒಂದು ನಿಮಿಷ ಬಿಟ್ಟು ಚೀಸ್ ಹಾಕಿ. ಕುದಿಯುವಾಗ ಚೀಸ್ ಬಿದ್ದರೆ ಎಣ್ಣೆ ಬಿಟ್ಟು ಮರಳುಮರಳಾಗುತ್ತೆ, ನಿಮಗೆ ಒಡೆದ ಹಾಲಿನ ಹಾಗೆ ಕಂಡಿದ್ದು ಬಹುಶಃ ಅದೇ. ಇನ್ನೊಂದು ಕಾರಣ, ಕೆನೆ ತೆಗೆದ ಹಾಲಿಗೆ ನೇರ ಟೊಮೆಟೊ ಬೆರೆಸೋದು. ತುರಿದೇ ಬರುವ ಪ್ಯಾಕೆಟ್ ಚೀಸ್‌ಗೆ ಅಂಟದಿರಲಿ ಅಂತ ಪಿಷ್ಟದಂಥದ್ದನ್ನು ಸವರಿರುತ್ತಾರೆ. ಮೇಲೆ ಉದುರಿಸೋಕೆ ಪರವಾಗಿಲ್ಲ, ಸಾಸ್‌ಗೆ ಗಟ್ಟಿ ಚೀಸ್ ತುರಿದೇ ಹಾಕಿ.

ಓವನ್‌ಗೆ ಹೋಗುವಾಗ ಸಾಸ್ ಮಜ್ಜಿಗೆಗಿಂತ ತುಸು ಗಟ್ಟಿ ಇದ್ದರೆ ಸಾಕು. ಬಾಣಲೆಯಲ್ಲೇ ಹದವಾಗಿ ಕಂಡ ಸಾಸ್ ತಟ್ಟೆಗೆ ಬರುವಾಗ ಗೋಡೆಗೆ ಬಳಿಯೋ ಹಾಗಿರುತ್ತೆ.

---

ಅಗಲ_ತಟ್ಟೆ

ಹದ_ನೋಡಿ ಅವರ ಅಳತೆ ಸರಿ. ಆದರೆ ಪ್ರಶ್ನೆ ಕೇಳಿದವರದು ಗಾಜಿನ ಪಾತ್ರೆ! ತಣ್ಣನೆ ಗಾಜಿಗೆ ಕುದಿಯುವ ನೀರು ಸುರಿಯೋದು, ಬಿಸಿ ಗಾಜಿಗೆ ತಣ್ಣೀರು ಹಾಕೋದು, ಓವನ್‌ನಿಂದ ತೆಗೆದದ್ದನ್ನು ಒದ್ದೆ ಕಟ್ಟೆಯ ಮೇಲೆ ಇಡೋದು, ಮೂರೂ ಸಿಡಿಯೋಕೆ ದಾರಿ. ಒಂದು ಭಾಗ ಹಿಗ್ಗಿ ಇನ್ನೊಂದು ಭಾಗ ಹಿಗ್ಗದೆ ನಿಂತರೆ ಗಾಜು ತಡೆಯಲ್ಲ. ಬೋರೋಸಿಲಿಕೇಟ್ ಗಾಜು ಹೆಚ್ಚು ತಾಳುತ್ತೆ, ಹದ ಕೊಟ್ಟ ಮಾಮೂಲಿ ಸೋಡಾ-ಲೈಮ್ ಗಾಜು ಕಡಿಮೆ. ನಿಮ್ಮದು ಯಾವುದು ಅಂತ ಖಚಿತವಿಲ್ಲದಿದ್ದರೆ ಎರಡನೆಯದು ಅಂದುಕೊಂಡೇ ನಡೆಯಿರಿ. ಪಾಸ್ತಾಗೆ ಬೆಚ್ಚಗಿನ ನೀರು ಹಾಕಿ 10 ನಿಮಿಷ ಹೆಚ್ಚು ಕೊಟ್ಟರೆ ಆಯಿತು. ಅಕ್ಕಿಗೂ ಹಾಗೇ.

ಫ್ರಿಜ್‌ನಲ್ಲಿದ್ದ ಗಾಜಿನ ಪಾತ್ರೆಯನ್ನು ಒಣ ಬಟ್ಟೆಯ ಮೇಲೆ ಅರ್ಧ ಗಂಟೆ ಇಟ್ಟು, ಆಮೇಲೆ ಮೊದಲೇ ಬಿಸಿಯಾದ ಓವನ್‌ಗೆ ಇಡಿ. ತಣ್ಣನೆ ಓವನ್‌ನಲ್ಲಿ ಇಟ್ಟು ಆನ್ ಮಾಡಿದರೆ ಒಳ್ಳೇದು ಅನ್ನೋರಿದ್ದಾರೆ. ಓವನ್ ಬಿಸಿಯೇರುವಾಗ ಕಡ್ಡಿಗಳು ಕೆಂಡದಂತೆ ಉರಿದು ಪಾತ್ರೆಯ ಒಂದೇ ಭಾಗಕ್ಕೆ ಕಾವು ಹೊಡೆಯುತ್ತವೆ, ಅದಕ್ಕೇ ತಯಾರಕರು ಮೊದಲು ಓವನ್ ಬಿಸಿಮಾಡಿ ಅನ್ನೋದು. ಮೇಲೆ ಕೆಂಪಗಾಗಲಿ ಅಂತ ಗಾಜನ್ನು ಗ್ರಿಲ್ ಕೆಳಗೆ ತಳ್ಳಬೇಡಿ. ಮೇಲಿನ ಅಂತಸ್ತಿಗೆ ಏರಿಸಿ 220ರಲ್ಲಿ 5–8 ನಿಮಿಷ ಕೊಡಿ.

ಫ್ಯಾನ್ ಇರುವ ಓವನ್ ಆದರೆ ಇಲ್ಲಿ ಹೇಳಿರುವ ಎಲ್ಲ ಅಂಕಿಯಲ್ಲೂ 20 ಡಿಗ್ರಿ ಕಳೆಯಿರಿ.

---

ಹದ_ನೋಡಿ

ಒಪ್ಪಿದೆ, ಗಾಜು ಅಂತ ಬರೆದಿದ್ದನ್ನು ಗಮನಿಸಲಿಲ್ಲ. ಕುದಿಯುವ ನೀರು ಸ್ಟೀಲ್ ಟ್ರೇಗೆ ಮಾತ್ರ.

---

ಭಾನುವಾರದ_ಪಾಳಿ

ಹಿಂದಿನ ದಿನ ಮಾಡಿಡುವ ವಿಷಯಕ್ಕೆ ಬರ್ತೀನಿ, ಸಂಜೆ 20 ನಿಮಿಷ ಅಂದರೆ ಅದಿಲ್ಲದೆ ಆಗಲ್ಲ. ನೋಡಿ, ಕ್ಯಾಸರೋಲ್‌ನಲ್ಲಿ ಹೊತ್ತು ತಿನ್ನೋದು ಓವನ್ ಅಲ್ಲ. ಹೆಚ್ಚೋದು, ಈರುಳ್ಳಿ ಬಾಡಿಸೋದು, ವೈಟ್ ಸಾಸ್, ಈ ಮೂರೇ. ಮೂರನ್ನೂ ಮುಂಚೆ ಮುಗಿಸಿಟ್ಟರೆ ಸಂಜೆ ಉಳಿಯೋದು ಜೋಡಿಸೋದಷ್ಟೇ.

ಜೋಡಿಸಿಯೇ ಇಡಬೇಕಾ, ಬಿಡಿಬಿಡಿಯಾಗಿಯಾ? ಬಿಡಿಯಾಗಿ ಇಡಿ ಅಂತೀನಿ. ಬೆಂದ ಪಾಸ್ತಾ ಸಾಸ್‌ನಲ್ಲಿ ರಾತ್ರಿಯಿಡೀ ಕೂತರೆ ಸಾಸ್ ಪೂರ್ತಿ ಹೀರಿ ತಾನೂ ಊದಿರುತ್ತೆ. ಪೊಟ್ಟಣದ ಮೇಲಿರುವ ಹೊತ್ತಿಗಿಂತ 3 ನಿಮಿಷ ಮುಂಚೆ ಇಳಿಸಿ, ತಣ್ಣೀರಲ್ಲಿ ತೊಳೆದು, ಒಂದು ಚಮಚ ಎಣ್ಣೆ ಸವರಿ ಡಬ್ಬಿಗೆ ಹಾಕಿ. ವೈಟ್ ಸಾಸ್ ಮೇಲೆ ಕೆನೆಗಟ್ಟದಂತೆ ಪ್ಲಾಸ್ಟಿಕ್ ಹಾಳೆಯನ್ನು ಸಾಸ್‌ಗೇ ತಾಗಿಸಿ ಮುಚ್ಚಿ. ಈಗಾಗಲೇ ಬೆರೆಸಿಟ್ಟಿದ್ದರೆ ಓವನ್‌ಗೆ ಇಡುವ ಮುಂಚೆ 100–150 ಮಿ.ಲೀ. ಹಾಲು ಅಂಚಿನಿಂದ ಸುರಿದು ಸಡಿಲ ಮಾಡಿ. ಮೇಲಿನ ಬ್ರೆಡ್ ಪುಡಿ (60 ಗ್ರಾಂ ಪುಡಿಗೆ 25 ಗ್ರಾಂ ಕರಗಿದ ಬೆಣ್ಣೆ) ಯಾವತ್ತೂ ಬೇರೆ ಡಬ್ಬಿಯಲ್ಲಿ, ಫಾಯಿಲ್ ತೆಗೆದ ಮೇಲೇ ಉದುರಿಸಬೇಕು. ಫಾಯಿಲ್ ಕೆಳಗೆ ಹೋದರೆ ಹಬೆ ಕುಡಿದು ಅಂಬಲಿ.

ಆಲೂಗಡ್ಡೆ ಹಸಿಯಾಗಿ ಹೆಚ್ಚಿಟ್ಟರೆ ಕಪ್ಪಾಗುತ್ತೆ, ನೀರಲ್ಲಿಟ್ಟರೆ ಸಾಸ್ ಗಟ್ಟಿಮಾಡುವ ಪಿಷ್ಟವೇ ತೊಳೆದು ಹೋಗುತ್ತೆ. 1 ಕಿಲೋವನ್ನು 3 ಮಿ.ಮೀ. ಬಿಲ್ಲೆ ಮಾಡಿ, ಉಪ್ಪು ಹಾಕಿದ ಅರ್ಧ ಲೀಟರ್ ಹಾಲು, 200 ಮಿ.ಲೀ. ಕ್ರೀಮ್ ಜತೆ ಸಣ್ಣ ಉರಿಯಲ್ಲಿ 7–8 ನಿಮಿಷ ಬೇಯಿಸಿ ಟ್ರೇಗೆ ಸುರಿದಿಡಿ. ಮರುದಿನ 180ರಲ್ಲಿ 25 ನಿಮಿಷ ಮುಚ್ಚಿ, 20 ನಿಮಿಷ ತೆರೆದು. ಹಸಿಯಾಗಿ ಹಾಕಿದರೆ ಇದೇ ಅಡುಗೆ ಒಂದೂಕಾಲು ಗಂಟೆ ತಿನ್ನುತ್ತೆ. ಟೊಮೆಟೊ ಸಾಸ್‌ನಲ್ಲಿ ಹಸಿ ಆಲೂಗಡ್ಡೆ ಬೇಯಿಸೋಕೆ ಹೋಗಲೇಬೇಡಿ.

ಫ್ರೀಜರ್‌ಗೆ ಟೊಮೆಟೊ ಸಾಸ್ ಪಾಸ್ತಾ, ಕೈಮಾ, ಬೆಂದ ಕಾಳು ಚೆನ್ನಾಗಿ ಒಗ್ಗುತ್ತವೆ. ಆಲೂಗಡ್ಡೆ ಬಿಲ್ಲೆ, ಬೇಯಿಸಿದ ಮೊಟ್ಟೆ, ಮೊಸರು ಒಗ್ಗಲ್ಲ. ಪಾತ್ರೆ ಫ್ರೀಜರ್‌ನಲ್ಲಿ ಸಿಕ್ಕಿಕೊಳ್ಳದಿರಲಿ ಅಂದರೆ ಟ್ರೇಗೆ ದೊಡ್ಡ ಫಾಯಿಲ್ ಹಾಸಿ, ಅದರ ಮೇಲೆ ಬೇಕಿಂಗ್ ಪೇಪರ್ (ಟೊಮೆಟೊ ಹುಳಿ ಫಾಯಿಲನ್ನು ತಿನ್ನುತ್ತೆ), ಅದರಲ್ಲಿ ಅಡುಗೆ ತುಂಬಿ ಗಡ್ಡೆ ಕಟ್ಟಿಸಿ. ಮರುದಿನ ಇಟ್ಟಿಗೆಯಂತೆ ಎತ್ತಿ, ಸುತ್ತಿ, ತಾರೀಖು ಬರೆದಿಡಿ. ಬೇಕಾದ ದಿನ ಕಾಗದ ಬಿಡಿಸಿ ಅದೇ ಟ್ರೇಗೆ ಇಳಿಸಿದರೆ ಸರಿಯಾಗಿ ಕೂರುತ್ತೆ. ಮೈನಸ್ 18ರಲ್ಲಿ 2–3 ತಿಂಗಳವರೆಗೆ ರುಚಿ ಕೆಡಲ್ಲ. ಒಂದು ದಿನ ಮುಂಚೆ ಫ್ರಿಜ್‌ಗೆ ಇಳಿಸಿ ಕರಗಿಸಿ. ಮರೆತರೆ ಲೋಹದ ಟ್ರೇಯಲ್ಲಿ ಹಾಗೇ 180ರಲ್ಲಿ ಮುಚ್ಚಿ 75–90 ನಿಮಿಷ, ಅಂದರೆ ಊಟ ಒಂಬತ್ತು ದಾಟಿತು.

ನಡುವಿನಲ್ಲಿ 74 ಡಿಗ್ರಿ ಮುಟ್ಟಬೇಕು, ಬಿಸಿಮಾಡೋದಕ್ಕೂ ಕೋಳಿಗೂ ಅದೇ ಅಂಕಿ. ಅಂಚಿನಲ್ಲಿ ಗುಳ್ಳೆ ಬಂದಾಕ್ಷಣ ಮೋಸ ಹೋಗಬೇಡಿ. ನಟ್ಟನಡುವೆ ದಪ್ಪ ಗುಳ್ಳೆ ನಿಧಾನಕ್ಕೆ ಉಬ್ಬಿ ಪೊಳಕ್ ಅಂತ ಒಡೆಯಬೇಕು. ಉಳಿದದ್ದನ್ನು 2 ಗಂಟೆಯೊಳಗೆ ತಟ್ಟೆ-ಡಬ್ಬಿಗಳಿಗೆ ತೆಳುವಾಗಿ ಹರಡಿ ಫ್ರಿಜ್‌ಗೆ ಸೇರಿಸಿ, ಅದರಲ್ಲೂ ಅನ್ನ ಇದ್ದರೆ ತಡ ಮಾಡಲೇಬಾರದು. 3–4 ದಿನಕ್ಕೆ ಮುಗಿಸಿ.

ರಾಜ್ಮಾ ಹಾಕೋದಾದರೆ ಪೂರ್ತಿ ಬೆಂದದ್ದೇ ಆಗಬೇಕು. ಹಸಿ ಕಾಳಿನಲ್ಲಿರುವ ಲೆಕ್ಟಿನ್ ಹೊಟ್ಟೆ ಕೆಡಿಸುತ್ತೆ. ನೆನೆಸಿ, ಆ ನೀರು ಚೆಲ್ಲಿ, ಕನಿಷ್ಠ 10 ನಿಮಿಷ ಕೊತಕೊತ ಕುದಿಸಿದರೆ ಅದು ನಾಶವಾಗುತ್ತೆ. ಓವನ್‌ನ ಮಂದ ಕಾವನ್ನು ನಂಬಬಾರದು.

---

ಸಂಜೆ_ಏಳೂವರೆ

ಇಷ್ಟು ವಿವರ ಸಿಗುತ್ತೆ ಅಂದುಕೊಂಡಿರಲಿಲ್ಲ, ಧನ್ಯವಾದ. ಇನ್ನೆರಡು ಪ್ರಶ್ನೆ. ಒಂದು, ಎಷ್ಟೋ ಪಾಕವಿಧಾನದಲ್ಲಿ ‘ಒಂದು ಡಬ್ಬಿ ಗಟ್ಟಿ ಸೂಪ್’ ಅಂತಿರುತ್ತೆ, ಅದಿಲ್ಲದೆ ಆಗಲ್ವಾ? ಎರಡು, ಬ್ರೆಡ್-ಮೊಟ್ಟೆ ಹಾಕಿ ಮಾಡೋದರಲ್ಲಿ ಮೇಲೆ ಕೆಂಪಾದರೂ ನಡುವೆ ಹಸಿ. ಇನ್ನೂ ಬೇಯಿಸಿದರೆ ನೀರು ಬಿಡುತ್ತೆ!

---

ಅಗಲ_ತಟ್ಟೆ

ಸೂಪ್ ಡಬ್ಬಿ (ಸುಮಾರು 300 ಗ್ರಾಂ) ಅಂದರೆ ಗಟ್ಟಿ ವೈಟ್ ಸಾಸ್ ಅಷ್ಟೇ. 3 ದೊಡ್ಡ ಚಮಚ ಬೆಣ್ಣೆ, 3 ದೊಡ್ಡ ಚಮಚ ಮೈದಾ, ಅರ್ಧ ಕಪ್ ಹಾಲು, ಅರ್ಧ ಕಪ್ ಸ್ಟಾಕ್, ಬಾಡಿಸಿದ ಅಣಬೆ ಒಂದು ಹಿಡಿ. ಡಬ್ಬಿಯದರಲ್ಲಿ ಉಪ್ಪು ಜಾಸ್ತಿ ಇರುತ್ತೆ, ಹಾಗಾಗಿ ಆ ಪಾಕವಿಧಾನಗಳಲ್ಲಿ ಬೇರೆ ಉಪ್ಪು ಹೇಳಿರಲ್ಲ. ನೀವು ಅರ್ಧ ಟೀ ಚಮಚ ಸೇರಿಸಿಕೊಳ್ಳಿ.

---

ಹದ_ನೋಡಿ

ಬ್ರೆಡ್-ಮೊಟ್ಟೆಗೆ ತಾಜಾ ಬ್ರೆಡ್ ಬೇಡ, ಅದರಲ್ಲಿ ಹಾಲು ಇಳಿಯೋಕೆ ಜಾಗವಿಲ್ಲ. 350 ಗ್ರಾಂ ಬ್ರೆಡ್ಡನ್ನು 3 ಸೆಂ.ಮೀ. ತುಂಡು ಮಾಡಿ 150 ಡಿಗ್ರಿಯಲ್ಲಿ 10–12 ನಿಮಿಷ ಒಣಗಿಸಿ. 8 ಮೊಟ್ಟೆ, 600 ಮಿ.ಲೀ. ಹಾಲು, ಒಂದು ಟೀ ಚಮಚ ಉಪ್ಪು ಕಲಕಿ ಮೇಲೆ ಸುರಿದು, ಅಂಗೈಯಿಂದ ಒತ್ತಿ, ರಾತ್ರಿಯಿಡೀ ಫ್ರಿಜ್‌ನಲ್ಲಿಡಿ. ಕ್ಯಾಸರೋಲ್‌ಗಳಲ್ಲಿ ಪೂರ್ತಿ ಜೋಡಿಸಿಟ್ಟರೇ ಚೆನ್ನಾಗಿರೋದು ಇದೊಂದೇ ಅನ್ನಬಹುದು.

175ರಲ್ಲಿ 45–50 ನಿಮಿಷ, ನಡುವಿನ ಅಂತಸ್ತಿನಲ್ಲಿ. ಅರ್ಧ ಗಂಟೆಗೇ ಕೆಂಪಾದರೆ ಫಾಯಿಲನ್ನು ಸಡಿಲವಾಗಿ ಹೊದಿಸಿ, ಶಾಖ ಏರಿಸಬೇಡಿ. ನಡುವೆ 71 ಡಿಗ್ರಿ ಬಂದರೆ ಆಯಿತು. ಥರ್ಮಾಮೀಟರ್ ಇಲ್ಲದಿದ್ದರೆ ಟ್ರೇಯನ್ನು ಸ್ವಲ್ಪ ಅಲ್ಲಾಡಿಸಿ: ನಡುಭಾಗ ತುಸು ನಡುಗಬೇಕು, ಅಲೆಯಂತೆ ತುಳುಕಬಾರದು. ಅಲ್ಲಿಂದ ಮುಂದೆ ಬೇಯಿಸಿದರೆ ಮೊಟ್ಟೆ ಬಿಗಿದುಕೊಂಡು ಹಿಡಿದಿದ್ದ ನೀರನ್ನು ಹಿಂಡಿ ಹೊರಹಾಕುತ್ತೆ. ನಿಮಗೆ ಕಾಣುತ್ತಿರೋ ನೀರು ಅದು, ಹಾಲು ಹೆಚ್ಚಾಗಿದ್ದಲ್ಲ. ಟೊಮೆಟೊ, ಹಿಂಡದ ಪಾಲಕ್ ಹಾಕಿದ್ದರೆ ಅದರ ನೀರೂ ಸೇರಿರುತ್ತೆ. ಹೊರಗೆ ತೆಗೆದು 10 ನಿಮಿಷ ಬಿಟ್ಟು ಕತ್ತರಿಸಿ.