ಆಮಂತ್ರಣ ಪತ್ರಿಕೆಯಲ್ಲಿ ‘ಆನರರಿ ಕ್ಯಾಪ್ಟನ್’ ಅಂತ ಹಾಕಬಹುದಾ? ಸೇನೆಯಲ್ಲಿ ಇದ್ದವರು ತಿಳಿಸಿ

ಅಂಬಲಪಾಡಿಯವ, ಉಡುಪಿ

ಎಲ್ಲರಿಗೂ ನಮಸ್ಕಾರ. ನಮ್ಮ ಯುವಕ ಮಂಡಲದ ಗಣರಾಜ್ಯೋತ್ಸವಕ್ಕೆ ಈ ಸಲ ಊರಿನವರೇ ಆದ ಒಬ್ಬ ನಿವೃತ್ತ ಸೈನಿಕರನ್ನು ಮುಖ್ಯ ಅತಿಥಿಯಾಗಿ ಕರೆದಿದ್ದೇವೆ. ಮದ್ರಾಸ್ ರೆಜಿಮೆಂಟಿಗೆ ಸಿಪಾಯಿಯಾಗಿ ಸೇರಿ, ಸುಬೇದಾರ್ ಮೇಜರ್ ಆಗಿ, ಕೊನೆಗೆ ಆನರರಿ ಕ್ಯಾಪ್ಟನ್ ಆಗಿ ಊರಿಗೆ ಬಂದವರು. ಈಗ ತೋಟ ನೋಡಿಕೊಂಡಿದ್ದಾರೆ. ತಾವಾಗಿ ಏನೂ ಹೇಳಿಕೊಳ್ಳುವವರಲ್ಲ.

ಪತ್ರಿಕೆ ಪ್ರೆಸ್ಸಿಗೆ ಕೊಡುವ ಮೊದಲು ಕಮಿಟಿಯಲ್ಲಿ ಮಾತು ಬಂತು. ‘ಆನರರಿ ಅಂದ್ರೆ ಸುಮ್ನೆ ಕೊಡುವುದು, ಧೋನಿಗೆ, ಮೋಹನ್‌ಲಾಲ್‌ಗೆ ಕೊಟ್ಟ ಹಾಗೆ. ಕ್ಯಾಪ್ಟನ್ ಅಂತ ಹಾಕಿದರೆ ನಾಳೆ ಯಾರಾದರೂ ಆಕ್ಷೇಪ ಎತ್ತಬಹುದು, ಬರೀ ಮಾಜಿ ಸೈನಿಕರು ಅಂತ ಹಾಕುವ’ ಎಂದು ಒಬ್ಬರು ಹಟ ಹಿಡಿದಿದ್ದಾರೆ. ಇನ್ನೊಬ್ಬರು ಹಾಕಲೇಬೇಕು ಎನ್ನುತ್ತಾರೆ. ಅವರನ್ನೇ ಕೇಳಲು ನಮಗೆ ಸಂಕೋಚ. ಸರಿ ಯಾವುದು? ಹಾಗೇ ಇನ್ನೊಂದು ಪ್ರಶ್ನೆ. ಟೆರಿಟೋರಿಯಲ್ ಆರ್ಮಿಯಲ್ಲಿ (ಬೇರೆ ನೌಕರಿ ಮಾಡುತ್ತಲೇ ಸೇವೆ ಮಾಡುವವರ ರಿಸರ್ವ್ ಪಡೆ) ಧೋನಿಯಂಥ ಈ ಆನರರಿ ಕರ್ನಲ್‌ಗಳು ನಿಜವಾಗಿ ಬೆಟಾಲಿಯನ್ ನಡೆಸುತ್ತಾರಾ?

ಕದ್ರಿಗುಡ್ಡೆ

ಹಾಕದಿದ್ದರೇ ಒಳ್ಳೆಯದು ಅಂತ ನನ್ನ ಅಭಿಪ್ರಾಯ. ಗೌರವ ಡಾಕ್ಟರೇಟ್ ಸಿಕ್ಕಿದವರು ಹೆಸರಿನ ಮುಂದೆ ಡಾಕ್ಟರ್ ಹಾಕಿಕೊಂಡರೆ ನಾವು ಮಾತಾಡುತ್ತೇವೆ, ಅಲ್ವಾ? ಇದೂ ಹಾಗೇ. ಅವರ ಬಗ್ಗೆ ನನಗೆ ಗೌರವ ಉಂಟು, ಆದರೆ ನಿಯಮ ಎಲ್ಲರಿಗೂ ಒಂದೇ ಇರಬೇಕು.

ಸುರತ್ಕಲ್ ಹಳೆ ಕ್ಲರ್ಕ್

ಅಂಬಲಪಾಡಿಯವರೇ, ಧೈರ್ಯವಾಗಿ ಹಾಕಿ. ಮೊದಲು ‘ಆನರರಿ ಕ್ಯಾಪ್ಟನ್’, ಆಮೇಲೆ ಅವರ ಹೆಸರು, ಹೆಸರಾದ ಮೇಲೆ ಕಂಸದಲ್ಲಿ ‘ನಿವೃತ್ತ’. ಸೇನೆಯಲ್ಲಿ ಬರೆಯುವ ಕ್ರಮ ಇದೇ.

ನಾನು ಟೆರಿಟೋರಿಯಲ್ ಆರ್ಮಿಯ ಒಂದು ಕಾಲಾಳು ಬೆಟಾಲಿಯನ್ ಆಫೀಸಿನಲ್ಲಿ ಕ್ಲರ್ಕ್ ಆಗಿದ್ದವನು. ಹವಾಲ್ದಾರ್ ಆಗಿ ಪೆನ್ಶನ್ ಬಂದೆ. ಪ್ರಮೋಶನ್, ಪಾರ್ಟ್ ಟು ಆರ್ಡರ್ (ಸೈನಿಕರ ಸೇವಾ ದಾಖಲೆಯ ಆದೇಶ), ಪೆನ್ಶನ್ ಪೇಪರ್ ಎಲ್ಲ ನನ್ನ ಮೇಜು ದಾಟಿಯೇ ಹೋಗುತ್ತಿತ್ತು. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಬೇಡಿ.

ಕದ್ರಿಯವರ ಹೋಲಿಕೆ ಇಲ್ಲಿ ಕೂರುವುದಿಲ್ಲ. ಗೌರವ ಡಾಕ್ಟರೇಟ್ ಪಡೆದವರು ಆ ವಿಶ್ವವಿದ್ಯಾಲಯದಲ್ಲಿ ಓದಿರಬೇಕು ಎಂದಿಲ್ಲ. ಆದರೆ ನಿಮ್ಮೂರಿನವರು ಸಿಪಾಯಿ, ಲ್ಯಾನ್ಸ್ ನಾಯಕ್, ನಾಯಕ್, ಹವಾಲ್ದಾರ್, ನಾಯಬ್ ಸುಬೇದಾರ್, ಸುಬೇದಾರ್, ಸುಬೇದಾರ್ ಮೇಜರ್ ಎಂದು ಒಂದೊಂದೇ ಮೆಟ್ಟಿಲು ಹತ್ತಿದವರು. ಒಂದು ಬೆಟಾಲಿಯನ್‌ಗೆ ಸುಬೇದಾರ್ ಮೇಜರ್ ಒಬ್ಬರೇ. ನೂರಾರು ಜನ ಜೊತೆಗೆ ಸೇರಿದವರಲ್ಲಿ ಅಲ್ಲಿಗೆ ಮುಟ್ಟುವವರು ಎಲ್ಲೋ ಒಬ್ಬರು. ಅದರ ಮೇಲೆ ಆನರರಿ ಲೆಫ್ಟಿನೆಂಟ್, ಆನರರಿ ಕ್ಯಾಪ್ಟನ್ ಸಿಗಬೇಕಾದರೆ ಇಡೀ ಸರ್ವಿಸಿನ ರಿಪೋರ್ಟ್ ಒಳ್ಳೆಯದಿರಬೇಕು, ಶಿಸ್ತಿನ ಕೇಸ್ ಇರಬಾರದು. ಜನವರಿ 26ಕ್ಕೆ ಮತ್ತು ಆಗಸ್ಟ್ 15ಕ್ಕೆ ಲಿಸ್ಟ್ ಬರುತ್ತದೆ. ಗೆಜೆಟ್‌ನಲ್ಲಿ ಹೆಸರು ಬರುತ್ತದೆ. ಪೆನ್ಶನ್ ಟೇಬಲ್‌ನಲ್ಲೂ ಆನರರಿ ಕ್ಯಾಪ್ಟನ್‌ಗೆ ಬೇರೆಯೇ ಸಾಲು ಉಂಟು. ಸುಮ್ನೆ ಕೊಡುವುದಕ್ಕೆ ಸರ್ಕಾರ ಬೇರೆ ಪೆನ್ಶನ್ ಇಡುತ್ತದಾ? ಸಿಯಾಚಿನ್‌ನಲ್ಲಿ 1987ರಲ್ಲಿ ಪರಮವೀರ ಚಕ್ರ ಗೆದ್ದ ಬಾಣಾ ಸಿಂಗ್ ಆನರರಿ ಕ್ಯಾಪ್ಟನ್. ಕಾರ್ಗಿಲ್‌ನ ಟೈಗರ್ ಹಿಲ್ ಹತ್ತಿದ ಯೋಗೇಂದ್ರ ಸಿಂಗ್ ಯಾದವ್ ಕೂಡ ಆನರರಿ ಕ್ಯಾಪ್ಟನ್. ಅವರ ಹೆಸರಿನ ಮುಂದಿನಿಂದ ಅದನ್ನು ತೆಗೆಯಲು ನಿಮ್ಮ ಕಮಿಟಿಯವರಿಗೆ ಮನಸ್ಸು ಬಂದೀತಾ?

ನಮ್ಮ ಬೆಟಾಲಿಯನ್‌ನಲ್ಲಿ ಒಮ್ಮೆ ಸುಬೇದಾರ್ ಮೇಜರ್ ಸಾಬ್‌ಗೆ ಆನರರಿ ಲೆಫ್ಟಿನೆಂಟ್ ಬಂತು. ಪಿಪಿಂಗ್ ದಿನ, ಅಂದರೆ ಹೊಸ ಪದವಿಯ ನಕ್ಷತ್ರ ಹಾಕುವ ದಿನ, ಒಂದು ಭುಜಕ್ಕೆ ಸಿಒ ಸಾಬ್ (ಕಮಾಂಡಿಂಗ್ ಆಫೀಸರ್) ನಕ್ಷತ್ರ ಹಾಕಿದರು. ಇನ್ನೊಂದಕ್ಕೆ ಎಸ್‌ಎಂ ಸಾಬ್ (ಸುಬೇದಾರ್ ಮೇಜರ್) ಅವರ ಹೆಂಡತಿ. ಅವರು ಊರಿನಿಂದ ಹಿಂದಿನ ದಿನವಷ್ಟೇ ಬಂದವರು. ಹೊಸ ಬಟ್ಟೆ, ಗಟ್ಟಿ, ಪಿನ್ ಒಳಗೆ ಹೋಗುತ್ತಿಲ್ಲ. ಕೈ ನಡುಗುತ್ತಿತ್ತು. ಸಿಒ ಸಾಬ್ ಸಹಾಯಕ್ಕೆ ಹೋಗಲಿಲ್ಲ, ಎಷ್ಟು ಹೊತ್ತಾದರೂ ಆಗಲಿ ಎಂದು ಅಟೆನ್ಶನ್‌ನಲ್ಲೇ ನಿಂತರು. ಹಿಂದೆ ಇಡೀ ಬೆಟಾಲಿಯನ್ ನಿಂತಿತ್ತು. ಗಂಡ ಮನೆಯಲ್ಲಿಲ್ಲದ ಅಷ್ಟೂ ವರ್ಷ ಮಕ್ಕಳನ್ನು, ಅತ್ತೆ ಮಾವನನ್ನು ನೋಡಿಕೊಂಡವರು ಅವರು. ಆ ನಕ್ಷತ್ರ ಅವರೇ ಹಾಕಬೇಕಿತ್ತು.

ಇನ್ನು ಬೆಟಾಲಿಯನ್ ನಡೆಸುವ ವಿಷಯ. ನಡೆಸುವುದು ಸಿಒ, ಸಾಮಾನ್ಯವಾಗಿ ಖಾಯಂ ಸೇನೆಯಿಂದ ಪೋಸ್ಟಿಂಗ್ ಮೇಲೆ ಬಂದ ಕರ್ನಲ್. ಬೆಟಾಲಿಯನ್ ಒಳಗಿನ ಕಂಪನಿಗಳಲ್ಲಿ ಟಿಎ (ಟೆರಿಟೋರಿಯಲ್ ಆರ್ಮಿ) ಆಫೀಸರ್‌ಗಳೂ ಇರುತ್ತಾರೆ. ಇಲ್ಲಿ ಮೇಜರ್, ಊರಲ್ಲಿ ಬ್ಯಾಂಕಿನವರೋ ಇಂಜಿನಿಯರೋ. ಪ್ರಸಿದ್ಧರಾದ ಆನರರಿ ಕರ್ನಲ್‌ಗಳಿಗೆ ಕಮಾಂಡ್ ಇಲ್ಲ. ಅವರ ಕೈಯಲ್ಲಿ ಯಾರ ರಜೆಯೂ ಇಲ್ಲ, ಯಾರ ಶಿಕ್ಷೆಯೂ ಇಲ್ಲ.

ಜವಾನರ ನಾಡಿ ಹಿಡಿಯುವುದು ಎಸ್‌ಎಂ ಸಾಬ್. ರಿಸರ್ವ್ ಪಡೆಯಲ್ಲಿ ಈ ಕೆಲಸ ಇನ್ನೂ ಕಷ್ಟ. ಎಂಬಾಡಿಮೆಂಟ್ ಆರ್ಡರ್, ಅಂದರೆ ಸೇವೆಗೆ ಬನ್ನಿ ಎಂಬ ಕರೆ, ಹೋದರೆ ಒಬ್ಬ ಬಸ್ಸಿನ ಸ್ಟೇರಿಂಗ್ ಬಿಟ್ಟು ಬರುತ್ತಾನೆ, ಒಬ್ಬ ಅಂಗಡಿಗೆ ತಮ್ಮನನ್ನು ಕೂರಿಸಿ ಬರುತ್ತಾನೆ. ದೇಹ ಬಂದಿರುತ್ತದೆ, ಮನಸ್ಸು ಮನೆಯಲ್ಲಿ. ನಮ್ಮ ಎಸ್‌ಎಂ ಸಾಬ್ ಮೊದಲ ದಿನದ ರೋಲ್ ಕಾಲ್‌ನಲ್ಲಿ ಹೆಸರು ಕೂಗುತ್ತಾ ಬೂಟು ನೋಡುತ್ತಿದ್ದರು. ಬೂಟಿಗೆ ಪಾಲಿಶ್ ಇಲ್ಲ ಎಂದರೆ ಅಲ್ಲೇ ಬೈಯುವವರಲ್ಲ. ಸಂಜೆ ಕರೆದು ‘ಮನೆಯಲ್ಲಿ ಎಂತ ಆಗಿದೆ?’ ಎಂದು ಕೇಳುವವರು. ಹತ್ತರಲ್ಲಿ ಎಂಟು ಸಲ ಏನೋ ಒಂದು ಆಗಿರುತ್ತಿತ್ತು. ಸೈನಿಕ್ ಸಮ್ಮೇಳನದಲ್ಲಿ ಸಿಒ ಸಾಬ್ ಮುಂದೆ ಎದ್ದು ನಿಂತು ಹೇಳಲು ಹೆದರುವ ಹುಡುಗನ ಮಾತು ಇವರ ಬಾಯಿಂದ ಮೇಲೆ ಹೋಗುತ್ತಿತ್ತು. ನಾಯಕತ್ವ ಅಂದರೆ ನನ್ನ ಕಣ್ಣ ಮುಂದೆ ಬರುವುದು ಇದು.

ಕದ್ರಿಗುಡ್ಡೆ

ಸರ್, ಸುಬೇದಾರ್ ಮೇಜರ್ ವಿಷಯ ಒಪ್ಪಿದೆ. ಅದು ದುಡಿದು ಪಡೆದದ್ದು, ನನಗೆ ಗೊತ್ತಿರಲಿಲ್ಲ. ಆದರೆ ಅಷ್ಟು ವರ್ಷ ದುಡಿದವರು ಕ್ಯಾಪ್ಟನ್‌ನಲ್ಲಿ ನಿಲ್ಲುವಾಗ, ಕ್ರಿಕೆಟ್‌ನವರಿಗೆ, ಸಿನಿಮಾದವರಿಗೆ ನೇರ ಲೆಫ್ಟಿನೆಂಟ್ ಕರ್ನಲ್ ಕೊಟ್ಟರೆ ಜವಾನರಿಗೆ ಬೇಜಾರಾಗುವುದಿಲ್ವಾ?

ಸುರತ್ಕಲ್ ಹಳೆ ಕ್ಲರ್ಕ್

ಆ ಯೂನಿಫಾರ್ಮನ್ನು ಬರೀ ಫೋಟೊಗೆ ಹಾಕಿಕೊಂಡರೆ ಬೇಜಾರಾಗುತ್ತದೆ. ಅದನ್ನು ಹೊತ್ತುಕೊಂಡು ಬಂದರೆ ಆಗುವುದಿಲ್ಲ.

ಧೋನಿಗೆ 2011ರಲ್ಲಿ ಕೊಟ್ಟರು, ಬೆಂಗಳೂರಿನ 106 ಪ್ಯಾರಾ ಟಿಎ ಬೆಟಾಲಿಯನ್. 2015ರಲ್ಲಿ ಆಗ್ರಾದಲ್ಲಿ ವಿಮಾನದಿಂದ ಐದು ಜಂಪ್ ಮುಗಿಸಿ ಪ್ಯಾರಾ ವಿಂಗ್ಸ್ (ಪ್ಯಾರಾಶೂಟ್ ಸೈನಿಕರ ಬ್ಯಾಡ್ಜ್) ಪಡೆದರು. 2019ರಲ್ಲಿ ಕಾಶ್ಮೀರಕ್ಕೆ ಹೋಗಿ ಜವಾನರ ಜೊತೆ ಗಾರ್ಡ್ ಡ್ಯೂಟಿ, ಪೆಟ್ರೋಲಿಂಗ್ ಮಾಡಿದರು. ಮೋಹನ್‌ಲಾಲ್‌ಗೆ 2009ರಲ್ಲಿ ಬಂತು, ನಮ್ಮ ಪಕ್ಕದ ಕೇರಳದ 122 ಟಿಎ ಬೆಟಾಲಿಯನ್. 2024ರಲ್ಲಿ ವಯನಾಡಿನ ಗುಡ್ಡ ಕುಸಿದಾಗ ಆ ಬೆಟಾಲಿಯನ್ ರಕ್ಷಣೆಗೆ ಹೋಯಿತು, ಅವರೂ ಅಲ್ಲಿಗೆ ಹೋದರು. ನೀರಜ್ ಚೋಪ್ರಾ ಅವರದ್ದು ಇನ್ನೂ ಚಂದ. 2016ರಲ್ಲಿ ರಜಪುತಾನಾ ರೈಫಲ್ಸ್‌ಗೆ ನಾಯಬ್ ಸುಬೇದಾರ್ ಆಗಿ ಸೇರಿದವರು, 2025ರಲ್ಲಿ ಟಿಎಯ ಆನರರಿ ಲೆಫ್ಟಿನೆಂಟ್ ಕರ್ನಲ್. ಜೆಸಿಒ (ನಾಯಬ್ ಸುಬೇದಾರ್, ಸುಬೇದಾರ್, ಸುಬೇದಾರ್ ಮೇಜರ್) ಮೆಸ್ಸಿನಿಂದ ಹೋದವರು ಎಂದು ನಮ್ಮವರಿಗೆಲ್ಲ ಖುಷಿ.

ಇನ್ನೊಂದು ಹೇಳುತ್ತೇನೆ. ಕೊಡಗಿನ ಕಾರ್ಯಪ್ಪನವರು ನಿವೃತ್ತರಾದದ್ದು 1953ರಲ್ಲಿ. ಫೀಲ್ಡ್ ಮಾರ್ಷಲ್ ಪದವಿ ಕೊಟ್ಟದ್ದು 1986ರಲ್ಲಿ. ಆಗ ಅವರು ಯಾವ ಸೇನೆಯನ್ನೂ ನಡೆಸುತ್ತಿರಲಿಲ್ಲ. ಅದನ್ನು ಯಾರೂ ಸುಮ್ನೆ ಕೊಟ್ಟದ್ದು ಎನ್ನುವುದಿಲ್ಲ.

ಕಾಪು ಟು ಕೆನಡಾ

ಇಲ್ಲಿಯ ಪದ್ಧತಿ ಸ್ವಲ್ಪ ಬೇರೆ, ಹೇಳಿದರೆ ಉಪಯೋಗ ಆದೀತು. ಕೆನಡಾದ ರಿಸರ್ವ್ ರೆಜಿಮೆಂಟ್‌ಗಳಿಗೆ ಆನರರಿ ಕರ್ನಲ್, ಆನರರಿ ಲೆಫ್ಟಿನೆಂಟ್ ಕರ್ನಲ್ ಎಂದು ಇಬ್ಬರಿರುತ್ತಾರೆ. ಎಷ್ಟೋ ಸಲ ಅದೇ ಊರಿನ ಉದ್ಯಮಿಯೋ, ಹಳೆ ಆಫೀಸರೋ. ಅಧಿಕಾರ ಏನೂ ಇಲ್ಲ. ಆದರೆ ಕೆಲಸ ಉಂಟು. ರೆಜಿಮೆಂಟಿಗೂ ಊರಿಗೂ ನಡುವೆ ಕೊಂಡಿ ಅವರೇ. ಹುಡುಗರನ್ನು ಟ್ರೇನಿಂಗಿಗೆ ಬಿಡಿ ಎಂದು ಕಂಪನಿಯವರ ಹತ್ತಿರ ಮಾತಾಡುವುದು, ಸೈನಿಕರ ಮನೆಯವರನ್ನು ವಿಚಾರಿಸುವುದು, ಕಮಾಂಡಿಂಗ್ ಆಫೀಸರ್‌ಗೆ ಬೇಕಾದಾಗ ಸಲಹೆ ಕೊಡುವುದು. ಕಮಾಂಡಿಂಗ್ ಆಫೀಸರ್ ಬದಲಾಗುತ್ತಾ ಇರುತ್ತಾರಲ್ಲ, ಹಾಗಾಗಿ ಊರು ಗೊತ್ತಿರುವವರು ಒಬ್ಬರು ಬೇಕಾಗುತ್ತದೆ.

ಸುರತ್ಕಲ್ ಹಳೆ ಕ್ಲರ್ಕ್

ಕಾಪುವಿನವರೇ, ನಮಗೆ ಬೇಕಾದ್ದು ಇದೇ ನೋಡಿ. ರಿಸರ್ವ್ ಸೈನಿಕನಿಗೆ ದೊಡ್ಡ ತಲೆನೋವು ಗಡಿಯಲ್ಲಿ ಅಲ್ಲ, ಕೆಲಸ ಮಾಡುವ ಜಾಗದಲ್ಲಿ. ನಮ್ಮಲ್ಲಿ ಒಬ್ಬ ಹುಡುಗ ಮಂಗಳೂರಿನ ಒಂದು ಗೋಡೌನ್‌ನಲ್ಲಿ ಸೂಪರ್‌ವೈಸರ್ ಆಗಿದ್ದ. ಕ್ಯಾಂಪ್ ಮುಗಿಸಿ ವಾಪಸ್ ಹೋದರೆ ಅವನ ಜಾಗದಲ್ಲಿ ಬೇರೆಯವರು ಕೂತಿದ್ದರು. ಸೇವೆಗೆ ಕರೆಸಿದವನಿಗೆ ಕೆಲಸ ವಾಪಸ್ ಕೊಡಬೇಕು ಎಂದು 1948ರ ಟೆರಿಟೋರಿಯಲ್ ಆರ್ಮಿ ಕಾಯ್ದೆಯಲ್ಲೇ ಉಂಟು. ಆದರೆ ಆ ಮಾಲೀಕನಿಗೆ ಟಿಎ ಎಂದರೆ ಎಂತ ಅಂತಲೇ ಗೊತ್ತಿಲ್ಲ. ನಾನು ಕಾಗದ ಟೈಪ್ ಮಾಡಿದೆ, ಸಿಒ ಸೈನ್ ಮಾಡಿದರು, ಉತ್ತರ ಬರಲಿಲ್ಲ. ಆ ಹುಡುಗ ಬೇರೆ ಕೆಲಸ ಹುಡುಕಿಕೊಂಡ. ಊರಿನಲ್ಲಿ ಎಲ್ಲರಿಗೂ ಗೊತ್ತಿರುವ ಒಬ್ಬರು ಯೂನಿಫಾರ್ಮಿನಲ್ಲಿ ಹೋಗಿ ಆ ಆಫೀಸಿನಲ್ಲಿ ಕೂತು ಮಾತಾಡಿದ್ದರೆ ಅಷ್ಟು ಸುಲಭದಲ್ಲಿ ಕೈ ಬಿಡುತ್ತಿದ್ದರಾ? ಪ್ರಸಿದ್ಧರಿಗೆ ಪದವಿ ಕೊಡುವಾಗ ಈ ಕೆಲಸವನ್ನೂ ಅದರ ಜೊತೆಗೆ ಕೊಡಬೇಕು. ಒಬ್ಬ ನಟ ಒಂದು ಗಂಟೆ ಉದ್ಯಮಿಗಳ ಚೇಂಬರ್‌ನ ಮೀಟಿಂಗಿನಲ್ಲಿ ಮಾತಾಡಿದರೆ ಹತ್ತು ಜವಾನರ ನೌಕರಿ ಉಳಿಯುತ್ತದೆ.

ಇದು ಹಳೆ ಕಥೆ ಅಂದುಕೊಳ್ಳಬೇಡಿ. 2025ರ ಮೇ 6ರಂದು ಕೇಂದ್ರ ಸರ್ಕಾರ, ಟಿಎಯವರನ್ನು ಸೇವೆಗೆ ಕರೆಸುವ ಅಧಿಕಾರವನ್ನು ಸೇನಾ ಮುಖ್ಯಸ್ಥರಿಗೆ ಕೊಟ್ಟಿತು. 32 ಕಾಲಾಳು ಬೆಟಾಲಿಯನ್‌ಗಳಲ್ಲಿ 14ನ್ನು ನಿಯೋಜಿಸಲು ಅನುಮತಿ ಕೊಟ್ಟರು. ಅವರೆಲ್ಲರ ಹಿಂದೆ ಒಂದೊಂದು ಮನೆ, ಒಂದೊಂದು ನೌಕರಿ ಉಂಟು.

ಕೊಡಿಯಾಲ್‌ಬೈಲ್ ಟೀಚರ್

ನಾನು ಕಾಲೇಜಿನಲ್ಲಿ ಪಾಠ ಮಾಡುತ್ತಾ ಎನ್‌ಸಿಸಿ ನೋಡಿಕೊಳ್ಳುವವಳು. ನಮ್ಮಲ್ಲೂ ಇಂಥದ್ದೇ ಉಂಟು. ಕುಲಪತಿಗಳಿಗೆ ಎನ್‌ಸಿಸಿ ಆನರರಿ ಕರ್ನಲ್ ಪದವಿ ಕೊಡುತ್ತದೆ. ಕೊಟ್ಟ ಮೇಲೆ ಕ್ಯಾಂಪಿಗೆ ಬಂದು ಮಕ್ಕಳ ಜೊತೆ ಊಟ ಮಾಡುವವರು ಬಂದರೆ ನಮಗೆ ಹಾಜರಾತಿ, ಪರೀಕ್ಷೆ ಎಲ್ಲ ಸುಲಭ ಆಗುತ್ತದೆ. ಹಾಗಾಗಿ ಹಳೆ ಕ್ಲರ್ಕ್ ಸರ್ ಹೇಳಿದ್ದು ನೂರಕ್ಕೆ ನೂರು ಸರಿ.

ಸರ್, ಒಂದು ಕೇಳಬೇಕಿತ್ತು. ನನ್ನ ಹಳೆ ಸ್ಟೂಡೆಂಟ್ ಒಬ್ಬಳು ‘ಸಿ’ ಸರ್ಟಿಫಿಕೇಟ್ ಮಾಡಿದವಳು, ಈಗ ಮಣಿಪಾಲದಲ್ಲಿ ಖಾಸಗಿ ಕೆಲಸದಲ್ಲಿದ್ದಾಳೆ. ಟಿಎ ಆಫೀಸರ್ ಆಗಬೇಕು ಎನ್ನುತ್ತಾಳೆ. ಹುಡುಗಿಯರನ್ನು ತೆಗೆದುಕೊಳ್ಳುತ್ತಾರಾ? ಕೆಲಸ ಬಿಡಬೇಕಾ?

ಸುರತ್ಕಲ್ ಹಳೆ ಕ್ಲರ್ಕ್

ಟೀಚರ್, ತೆಗೆದುಕೊಳ್ಳುತ್ತಾರೆ. 2018ರಲ್ಲಿ ದೆಹಲಿ ಹೈಕೋರ್ಟ್ ಹೇಳಿದ ಮೇಲೆ ದಾರಿ ಆಯಿತು. ಆದರೆ ಸೀಟು ತುಂಬಾ ಕಡಿಮೆ, ಅದನ್ನು ಅವಳಿಗೆ ಮೊದಲೇ ಹೇಳಿ. ಕೆಲಸ ಬಿಡಬಾರದು, ಬಿಟ್ಟರೆ ಅರ್ಜಿ ಹಾಕಲು ಆಗುವುದೇ ಇಲ್ಲ. ಸಂಪಾದನೆ ಇರಬೇಕು ಎಂಬುದೇ ನಿಯಮ. ಡಿಗ್ರಿ ಆಗಿರಬೇಕು, ವಯಸ್ಸು 18ರಿಂದ 42. ಲಿಖಿತ ಪರೀಕ್ಷೆ, ಆಮೇಲೆ ಎಸ್‌ಎಸ್‌ಬಿ (ಸೇನೆಯ ಆಯ್ಕೆ ಮಂಡಳಿಯ ಸಂದರ್ಶನ), ಆಮೇಲೆ ಮೆಡಿಕಲ್. ವರ್ಷಕ್ಕೆ ಎರಡು ತಿಂಗಳು ಟ್ರೇನಿಂಗ್, ಆ ದಿನಗಳಿಗೆ ಖಾಯಂ ಆಫೀಸರ್‌ನಷ್ಟೇ ಸಂಬಳ. ಪೆನ್ಶನ್ ಆಸೆ ಇಟ್ಟುಕೊಂಡು ಬರುವುದು ಬೇಡ. ಆಫೀಸರ್‌ಗಳಿಗೆ 20 ವರ್ಷ ಎಂಬಾಡಿಡ್ ಸರ್ವಿಸ್ (ಕರೆಸಿಕೊಂಡಾಗ ಮಾಡಿದ ಸೇವೆ) ತುಂಬಿದರೆ ಮಾತ್ರ ಅದು.

ಇನ್ನೊಂದು ವಿಷಯ, ಅರ್ಜಿ ಹಾಕುವ ಮೊದಲೇ ಅವಳ ಮ್ಯಾನೇಜರ್ ಹತ್ತಿರ ಎದುರು ಕೂತು ಮಾತಾಡಲಿ. ಕಾಯ್ದೆಯ ಪ್ರತಿ ಒಂದು ಪ್ರಿಂಟ್ ತೆಗೆದು ಕೈಯಲ್ಲಿ ಹಿಡಿದುಕೊಂಡು ಹೋಗಲಿ. ಬೇಕಾದರೆ ನಾನೂ ಜೊತೆಗೆ ಬರುತ್ತೇನೆ. ಸುರತ್ಕಲ್‌ನಿಂದ ಮಣಿಪಾಲ ದೂರವೇನಲ್ಲ.